ಮೆಟ್ಟಿಲ ಮೇಲಿನ ಹತ್ತು ನಿಮಿಷ

ನನ್ನ ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಥರ ಇದೆ, ಆಧಾರ್ ಕಾರ್ಡಿನಲ್ಲಿ ಇನ್ನೊಂದು ಥರ, ರೇಷನ್ ಕಾರ್ಡಿನಲ್ಲಿ ಮತ್ತೊಂದು ಥರ. ಆರ್.ಟಿ. ನಗರದ ನಮ್ಮ ಬೀದಿಯಲ್ಲಿ ಇದೊಂದು ವಿಷಯವೇ ಅಲ್ಲ. ಮನೆಯಲ್ಲಿ ದಖನಿ ಉರ್ದು ಮಾತಾಡುವ ನಮ್ಮಂಥವರ ಹೆಸರನ್ನು ಗುಮಾಸ್ತರು ತಮಗೆ ಕೇಳಿಸಿದಂತೆ ಬರೆದುಕೊಳ್ಳುತ್ತಾರೆ, ನಾವು ತಿದ್ದಿಸಲು ಓಡಾಡುತ್ತೇವೆ. ಇಂಜಿನಿಯರಿಂಗ್ ಕೊನೆಯ ವರ್ಷದ ಇಂಟರ್ನ್‌ಶಿಪ್ ಸಂದರ್ಶನದಲ್ಲಿ ಟೀಮ್ ಲೀಡ್ ಆ ಕಾಗದಗಳನ್ನೆಲ್ಲ ಹರಡಿಕೊಂಡು, "ಇದ್ರಲ್ಲಿ ನೀನ್ ಯಾರು?" ಎಂದು ಕೇಳಿದ.

"ಮೂರೂ ನಾನೇ ಸರ್" ಎಂದೆ.

ಅವನು ಜೋರಾಗಿ ನಕ್ಕು, "ನಮ್ಗೆ ಬೇಕಾಗಿರೋದೇ ನೀನು" ಎಂದ. ನನ್ನ ಬುದ್ಧಿವಂತಿಕೆಗೆ ಮಾರುಹೋದ ಎಂದುಕೊಂಡು ಸೋಲದೇವನಹಳ್ಳಿ ಕಡೆಯ ನಮ್ಮ ಕಾಲೇಜಿಗೆ ಹೋಗಿ ಗೆಳತಿಯರ ಮುಂದೆ ಚೆನ್ನಾಗಿ ಕೊಚ್ಚಿಕೊಂಡೆ. ಅವನನ್ನು ಎದುರಿಗೆ ಸರ್ ಎನ್ನುತ್ತಿದ್ದೆ. ಇಲ್ಲಿ ಆ ಮರ್ಯಾದೆ ಕೊಡಬೇಕು ಎಂದು ನನಗೆ ಅನಿಸುವುದಿಲ್ಲ. ನನಗೂ ಯಾರೂ ಕೊಡಬೇಕಾಗಿಲ್ಲ.

ಹೆಬ್ಬಾಳದ ಸರ್ವಿಸ್ ರಸ್ತೆಯಲ್ಲಿದ್ದ ಆ ಕಂಪನಿ ರಕ್ತಪರೀಕ್ಷೆ ಮಾಡುವ ಲ್ಯಾಬುಗಳಿಗೆ ಸಾಫ್ಟ್‌ವೇರ್ ಕೊಡುತ್ತಿತ್ತು. ಲ್ಯಾಬಿನಲ್ಲಿ ರಿಪೋರ್ಟು ತಯಾರಾದ ಕೂಡಲೇ ಅದು ರೋಗಿಯ ಹಳೆಯ ದಾಖಲೆಯ ಜೊತೆ ಸೇರಿ ಅವರ ಫೋನಿಗೆ ಹೋಗಬೇಕು. ತೊಂದರೆ ಬರುತ್ತಿದ್ದುದು ಹೆಸರುಗಳಿಂದ. ಲಕ್ಷ್ಮಿಗೆ ಇಂಗ್ಲಿಷಿನಲ್ಲಿ ಒಬ್ಬರು ‘ಕೆ ಎಸ್’ ಹಾಕಿದರೆ ಇನ್ನೊಬ್ಬರು ‘ಎಕ್ಸ್’ ಹಾಕುತ್ತಾರೆ. ಇನಿಷಿಯಲ್ ಒಂದು ಸಲ ಹೆಸರಿನ ಮುಂದೆ, ಇನ್ನೊಂದು ಸಲ ಹಿಂದೆ. ಇಬ್ಬರೋ ಒಬ್ಬರೋ ತಿಳಿಯದೆ ಕಂಪ್ಯೂಟರು ತಡೆದು ನಿಲ್ಲಿಸಿದ ರಿಪೋರ್ಟುಗಳ ಪಟ್ಟಿ ಪ್ರತಿದಿನ ಬೆಳಿಗ್ಗೆ ಒಬ್ಬ ಮೇಡಂ ಮುಂದೆ ಬರುತ್ತಿತ್ತು. ಇವರು ಅವರೇ, ಇವರು ಬೇರೆ ಎಂದು ಒಂದೊಂದನ್ನೂ ನೋಡಿ ತೀರ್ಮಾನಿಸುವುದು ಅವರ ಕೆಲಸ. ರಿಪೋರ್ಟು ಕಾಗದದಲ್ಲಿ ಹೋಗುತ್ತಿದ್ದ ಕಾಲದಿಂದ, ಹತ್ತೊಂಬತ್ತು ವರ್ಷ, ಅದನ್ನೇ ಮಾಡಿದ್ದರು.

ಕಾಲೇಜಿನ ಕಾಗದದಲ್ಲಿ ಅವರು ನನ್ನ ಗೈಡ್. ಲೀಡ್ ಮಾತ್ರ ಮೊದಲ ದಿನವೇ ನನ್ನನ್ನು ಮೀಟಿಂಗ್ ರೂಮಿಗೆ ಕರೆದು, ಬಾಗಿಲು ಹಾಕಿ, ನಾನು ಬಂದಿರುವುದು ಏಕೆ ಎಂದು ಬಿಡಿಸಿ ಹೇಳಿದ.

"ಅವ್ರು ಏನ್ ನೋಡಿ ಡಿಸೈಡ್ ಮಾಡ್ತಾರೋ ಅದೆಲ್ಲ ರೂಲ್ಸ್ ಆಗಿ ಸಿಸ್ಟಮ್ ಒಳಗೆ ಬರ್ಬೇಕು. ಆಮೇಲೆ ಆ ಸೀಟೇ ಬೇಕಾಗಲ್ಲ. ಅವ್ರಿಗೆ ಇದನ್ನ ಹೇಳ್ಬೇಡ. ನಿಮ್ ಲೋಡ್ ಕಮ್ಮಿ ಮಾಡ್ತಿದೀವಿ ಅಂದಿದೀನಿ. ಇದು ಆಯ್ತು ಅಂದ್ರೆ ನಿನ್ ಆಫರ್ ಲೆಟರ್ ಬಗ್ಗೆ ಮಾತಾಡೋಣ."

ನಾನು ಹಿಂದುಮುಂದು ನೋಡದೆ ಸರಿ ಸರ್ ಎಂದೆ. ನಮ್ಮ ಬ್ಯಾಚಿನಲ್ಲಿ ಅರ್ಧ ಜನ ಸರ್ಟಿಫಿಕೇಟು ಮಾತ್ರ ಕೊಡುವ ಕಡೆ ಕಾಲಹರಣ ಮಾಡುತ್ತಿದ್ದರು. ನನಗೆ ನಿಜವಾದ ಕೆಲಸ ಸಿಕ್ಕಿತ್ತು.

ಹಿಂದುಮುಂದು ನೋಡದಿರಲು ಮೇಡಂ ಅವರ ಬಾಯಿಯೂ ಸಹಾಯ ಮಾಡಿತು. ಮೊದಲ ವಾರ ಅವರು ನನ್ನನ್ನು ಹರಿದು ಹಾಕಿದರು. ಇನಿಷಿಯಲ್ಲನ್ನು ಮನೆತನದ ಹೆಸರು ಎಂದುಕೊಂಡು ಇಡೀ ಪಟ್ಟಿ ಕೆಡಿಸಿದಾಗ, "ಏನಮ್ಮ, ಇಂಜಿನಿಯರಿಂಗಲ್ಲಿ ಹೆಸ್ರು ಓದೋದ್ ಹೇಳ್ಕೊಡಲ್ವಾ?" ಎಂದು ಇಡೀ ಸಾಲಿಗೆ ಕೇಳುವಂತೆ ಹೇಳಿದರು. ಅದನ್ನಾದರೂ ಮರೆಯಬಹುದಿತ್ತು. ನನಗೆ ಆಗ ‘ಳ’ ಹೊರಳುತ್ತಿರಲಿಲ್ಲ. ಒಂದು ದಿನ ಅವರು ಕೂಗಿದಾಗ ಗಡಿಬಿಡಿಯಲ್ಲಿ ಎದ್ದು, "ಹೇಲಿ ಮೇಡಂ" ಎಂದೆ.

"ಅದಕ್ಕೆ ಟಾಯ್ಲೆಟ್ ಆ ಕಡೆ ಇದೆ ಕಣಮ್ಮ" ಎಂದರು.

ಎಲ್ಲರೂ ನಕ್ಕರು. ನೀರಿನ ಕ್ಯಾನ್ ಬದಲಿಸಲು ಬಂದಿದ್ದವನೂ ನಕ್ಕ. ಆ ದಿನ ಸಂಜೆ ಹೊತ್ತಿಗೆ ನಾನು ಹದಿನಾಲ್ಕು ರೂಲ್ ಬರೆದು ಲೀಡ್‌ಗೆ ಕಳಿಸಿದೆ. ಒಂದೊಂದು ರೂಲ್ ಬರೆದಾಗಲೂ ಅವರ ಕುರ್ಚಿಯ ಒಂದೊಂದು ತಿರುಪು ಬಿಚ್ಚಿದಷ್ಟು ಖುಷಿಯಾಯಿತು. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಮೂರನೇ ವಾರ ಒಂದು ಸಣ್ಣ ಸಂಗತಿ ನಡೆಯಿತು. ಒಂದೇ ವಯಸ್ಸಿನ ಇಬ್ಬರು ಹೆಂಗಸರನ್ನು ಮೇಡಂ ಬೇರೆ ಬೇರೆ ಎಂದು ಗುರುತು ಹಾಕಿದರು. ಒಬ್ಬರ ಹೆಸರಿನ ಕೊನೆಯಲ್ಲಿ ‘ಬಾನು’ ಇತ್ತು, ಇನ್ನೊಬ್ಬರಿಗೆ ‘ಬೇಗಂ’. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮದುವೆಯಾದ ಮೇಲೆ ಬಾನು ಹೋಗಿ ಬೇಗಂ ಆಗುತ್ತದೆ, ಇಬ್ಬರೂ ಒಬ್ಬರೇ ಇರಬಹುದು ಎಂದು ಹೆದರುತ್ತಲೇ ಹೇಳಿದೆ. ಅವರು ಫೋನ್ ನಂಬರ್, ಹಳೆಯ ವಿಳಾಸ ಎಲ್ಲ ತಾಳೆ ನೋಡಿದರು. ಒಬ್ಬರೇ ಆಗಿದ್ದರು.

"ಇಷ್ಟ್ ವರ್ಷದಲ್ಲಿ ಇದೊಂದ್ನ ನಂಗ್ಯಾರೂ ಹೇಳಿರ್ಲಿಲ್ಲ ನೋಡು" ಎಂದು ನನ್ನ ಕುರ್ಚಿಯನ್ನು ತಮ್ಮ ಪಕ್ಕಕ್ಕೆ ಎಳೆದುಕೊಂಡರು.

ಅಲ್ಲಿಂದ ಮೇಡಂ ಬೇರೆಯೇ ಹೆಂಗಸು. ಬೈಗುಳ ನಿಲ್ಲಲಿಲ್ಲ, ಆದರೆ ಬೈದಾದ ಮೇಲೆ ಕಲಿಸುತ್ತಿದ್ದರು. ಟೀ ಹೊತ್ತಿನಲ್ಲಿ ನನ್ನನ್ನು ಕೂರಿಸಿಕೊಂಡು, "ನಾಲ್ಗೆ ಹಿಂದಕ್ಕೆ ಮಡಚು, ಮೇಲ್ಗಡೆ ತಾಗ್ಸು, ಈಗ ಬಿಡು" ಎಂದು ಹತ್ತು ದಿನದಲ್ಲಿ ನನ್ನ ಬಾಯಲ್ಲಿ ‘ಳ’ ಹೊರಡಿಸಿದರು. ಹನ್ನೆರಡು ವರ್ಷ ಶಾಲೆಯಲ್ಲಿ ಯಾರೂ ಆ ತೊಂದರೆ ತೆಗೆದುಕೊಂಡಿರಲಿಲ್ಲ. ಒಂದು ಸಲ ತಾವಾಗಿಯೇ, "ನಾನ್ ಬರೀ ಪಿಯುಸಿ ಕಣೇ. ವಯಸ್ಸು ಐವತ್ತ್ ದಾಟ್ತು. ಇಲ್ಲಿಂದ ಎದ್ರೆ ಇನ್ನೆಲ್ಲೂ ಕೂರ್ಸಲ್ಲ ನನ್ನ" ಎಂದರು. ನಾನು ನಕ್ಕು, ನಿಮ್ಮನ್ನು ಯಾರು ಎಬ್ಬಿಸುತ್ತಾರೆ ಮೇಡಂ ಎಂದೆ. ಹಾಗೆ ಹೇಳುವಾಗ ನನ್ನ ಮಡಿಲಲ್ಲೇ ಲ್ಯಾಪ್‌ಟಾಪ್ ಇತ್ತು, ಅದರಲ್ಲಿ ರೂಲ್‌ಗಳು ನೂರು ದಾಟಿದ್ದವು.

ನನಗೆ ಆಗ ಅವರ ಮೇಲೆ ಪ್ರೀತಿ ಇತ್ತು. ಕೆಲಸವನ್ನೂ ನಿಲ್ಲಿಸಲಿಲ್ಲ. ಎರಡೂ ಒಟ್ಟಿಗೆ ಸಾಧ್ಯ ಎನ್ನುವುದು ಆ ಇಂಟರ್ನ್‌ಶಿಪ್‌ನಲ್ಲಿ ಕಲಿತ ಮುಖ್ಯ ವಿಷಯ. ಕಾಲೇಜಿನ ವರದಿಯಲ್ಲಿ ಕಲಿಕೆಯ ಫಲಿತಾಂಶ ಎಂಬ ಶೀರ್ಷಿಕೆಯ ಕೆಳಗೆ ಅದನ್ನು ಬರೆಯಲಿಲ್ಲ.

ರೂಲ್‌ಗಳೆಲ್ಲ ಮುಗಿದ ಮೇಲೂ ದಿನಕ್ಕೆ ಹತ್ತು ಹನ್ನೆರಡು ರಿಪೋರ್ಟು ಉಳಿಯುತ್ತಿದ್ದವು. ಹೆಸರು ಒಂದೇ, ವಯಸ್ಸು ಒಂದೇ, ಮನೆಯ ಫೋನ್ ಕೂಡ ಒಂದೇ. ಒಂದೇ ಮನೆಯ ಇಬ್ಬರು ಸೊಸೆಯರಿರಬಹುದು, ಅಥವಾ ಒಬ್ಬಳೇ ಎರಡು ಸಲ ಬಂದಿರಬಹುದು. ನಾನು ಎಷ್ಟು ತಿಣುಕಿದರೂ ಗೊತ್ತಾಗುತ್ತಿರಲಿಲ್ಲ. ಮೇಡಂ ಆ ಪಟ್ಟಿಯನ್ನು ಚೀಟಿಯಲ್ಲಿ ಬರೆದುಕೊಂಡು ಹನ್ನೊಂದು ಗಂಟೆಗೆ ಹೊರಗಿನ ಮೆಟ್ಟಿಲಿಗೆ ಹೋಗುತ್ತಿದ್ದರು. ಹತ್ತು ನಿಮಿಷಕ್ಕೆ ಬಂದು ಎಲ್ಲವನ್ನೂ ಪಟಪಟನೆ ವಿಂಗಡಿಸುತ್ತಿದ್ದರು. ಏನು ಮಾಡಿದಿರಿ ಎಂದು ಕೇಳಿದರೆ, "ದೇವ್ರನ್ನ ಕೇಳ್ಕೊಂಡ್ ಬಂದೆ" ಎನ್ನುತ್ತಿದ್ದರು.

"ಆ ಹತ್ ನಿಮಿಷ ಬೇಕು ನಂಗೆ" ಎಂದ ಲೀಡ್. "ಅದಿಲ್ದೆ ಇದೆಲ್ಲ ವೇಸ್ಟು. ಬಾಯ್ ಬಿಡ್ಸು."

ಮಾರನೆಯ ದಿನ ಮೇಡಂ ಮುಂದೆ ಅತ್ತೆ. ಅಳು ಬರಿಸಿಕೊಳ್ಳಲು ಕಷ್ಟವೇನೂ ಆಗಲಿಲ್ಲ. ಪ್ರಾಜೆಕ್ಟು ಅರ್ಧಕ್ಕೇ ನಿಂತಿದೆ, ಪೂರ್ತಿ ವಿಧಾನ ಬರೆಯದಿದ್ದರೆ ವೈವಾದಲ್ಲಿ ಫೇಲ್ ಮಾಡುತ್ತಾರೆ, ಒಂದು ವರ್ಷ ಹೋಗುತ್ತದೆ, ಮನೆಯಲ್ಲಿ ಓದು ಬಿಡಿಸಿ ಮದುವೆ ಮಾಡುತ್ತಾರೆ ಎಂದೆ. ಕೊನೆಯದು ಹಸಿ ಸುಳ್ಳು. ನಮ್ಮ ಅಬ್ಬಾ ನನ್ನನ್ನು ಓದು ಓದು ಎಂದು ಪೀಡಿಸುವ ಮನುಷ್ಯ. ಮೇಡಂ ನಂಬಲಿ ಎಂದು, ನನ್ನಂಥ ಹುಡುಗಿಯ ಬಾಯಲ್ಲಿ ಏನು ಬಂದರೆ ಅವರು ನಂಬುತ್ತಾರೋ ಅದನ್ನೇ ಹೇಳಿದೆ. ಸ್ವಂತ ತಂದೆಯನ್ನು ಹಾಗೆ ಬಳಸಿಕೊಂಡದ್ದು ಈಗಲೂ ನನಗೆ ಹೇಸಿಗೆ.

"ಬರೀ ಕಾಲೇಜಿಗೇ ತಾನೆ? ಆಫೀಸಲ್ಲಿ ಯಾರ್ಗೂ ತೋರ್ಸಲ್ಲ ತಾನೆ?"

"ಇಲ್ಲ ಮೇಡಂ. ನಿಮ್ಮಾಣೆ."

ಹನ್ನೊಂದು ಗಂಟೆಗೆ ನನ್ನನ್ನೂ ಮೆಟ್ಟಿಲಿಗೆ ಕರೆದುಕೊಂಡು ಹೋದರು. ಚೀಟಿ ತೆಗೆದು ಒಂದು ನಂಬರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದರು. ಅತ್ತ ಕಡೆ ಯಲಹಂಕ ಆಚೆಯ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ರಕ್ತ ತೆಗೆದುಕೊಂಡು ಬರುವವನು. ಮೇಡಂ ಹೆಸರು ಹೇಳಿ, ಹೋದ ತಿಂಗಳು ತೆಗೆದವಳೂ ಇವಳೂ ಒಬ್ಬಳೇನಾ ಎಂದು ಕೇಳಿದರು.

"ಅಲ್ಲ ಕಣಕ್ಕ. ಅವತ್ತಿನೋರು ಮೂಗ್ಬಟ್ಟು ಆಕಿದ್ರು, ಚಿಕ್ ಸೊಸೆ. ಇವ್ರು ದೊಡ್ಡೋರು, ಕೈ ನಡುಗ್ತದೆ, ನರಾನೇ ಸಿಗಾಕಿಲ್ಲ."

ಅಷ್ಟೇ ಗುಟ್ಟು. ಮುಖ ನೋಡಿದವನನ್ನು ಕೇಳುವುದು. ಒಂದೊಂದು ಲ್ಯಾಬಿನಲ್ಲೂ ಅಂಥ ಒಬ್ಬೊಬ್ಬರು ಅವರಿಗೆ ಪರಿಚಯ. ಯಾರ ಮಗುವಿಗೆ ಜ್ವರ, ಯಾರ ಗಾಡಿ ಕೆಟ್ಟಿದೆ ಎಂಬುದೆಲ್ಲ ಗೊತ್ತು. ಆ ಪರಿಚಯಗಳೇ ತಮ್ಮ ಕುರ್ಚಿಯನ್ನು ಉಳಿಸುತ್ತವೆ ಎಂದು ಅವರಿಗೆ ಒಳಗೊಳಗೇ ಅನಿಸಿದ್ದಿರಬೇಕು, ಅದಕ್ಕೇ ಇಷ್ಟು ವರ್ಷ ಬಾಯಿ ಬಿಟ್ಟಿರಲಿಲ್ಲ. ನಾನು ಊಟಕ್ಕೆ ಮುಂಚೆಯೇ ಲೀಡ್‌ಗೆ ಹೇಳಿಬಿಟ್ಟೆ.

ಅವನು ಒಂದು ನಿಮಿಷ ಯೋಚಿಸಿದ. ರಕ್ತ ತೆಗೆಯುವವರ ಕೈಯಲ್ಲಿರುವ ಆ್ಯಪ್‌ನಲ್ಲಿ ಒಂದು ಬಟನ್ ಸೇರಿಸಿದರೆ ಸಾಕು ಎಂದ. ಮೊದಲು ನೋಡಿದ ವ್ಯಕ್ತಿಯೇ? ಹೌದು, ಅಲ್ಲ. ಬಟನ್ ಮಾಡಿದವಳು ನಾನೇ. ಅರ್ಧ ದಿನದ ಕೆಲಸ. ಹತ್ತು ದಿನ ಓಡಿಸಿ ನೋಡಿದರು, ಒಂದು ಗುರುವಾರ ದೊಡ್ಡವರ ಮುಂದೆ ಡೆಮೋ ಆಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಡಂ ಆ ಮೀಟಿಂಗಿನಲ್ಲಿ ಇರಲಿಲ್ಲ. ಹೊರಗೆ ಕುಳಿತು ಅಂದಿನ ಪಟ್ಟಿ ನೋಡುತ್ತಿದ್ದರು.

ಶುಕ್ರವಾರ ಬೆಳಿಗ್ಗೆ ಎಚ್.ಆರ್.ನವರು ಮೇಡಂ ಅವರನ್ನು ಒಳಗೆ ಕರೆದರು. ಕಾಲು ಗಂಟೆಯಲ್ಲಿ ಹೊರಗೆ ಬಂದರು. ಸೆಕ್ಯೂರಿಟಿಯವನು ಅವರ ಕೊರಳಿನ ಐಡಿ ಕಾರ್ಡನ್ನು ಕೈ ಚಾಚಿ ಕೇಳಿ ಪಡೆದುಕೊಂಡ. ಅವರು ನಮ್ಮ ಸಾಲಿನ ಕಡೆ ನೋಡಿದರು. ನಾನು ಟೇಬಲ್ಲಿನ ಕೆಳಗೆ ಚಾರ್ಜರ್ ಹುಡುಕುವವಳಂತೆ ಬಗ್ಗಿದೆ. ಮತ್ತೆ ತಲೆ ಎತ್ತಿದಾಗ ಲಿಫ್ಟಿನ ಬಾಗಿಲು ಮುಚ್ಚಿತ್ತು.

ಆಗ ಮೊಬೈಲು ಸದ್ದು ಮಾಡಿತು. ಡಿಪಾರ್ಟ್‌ಮೆಂಟಿನ ಗ್ರೂಪಿನಲ್ಲಿ ಮೆಸೇಜು. ಇಂಟರ್ನ್‌ಶಿಪ್ ಮೌಲ್ಯಮಾಪನದ ಫಾರಂ ಇವತ್ತು ನಾಲ್ಕು ಗಂಟೆಯೊಳಗೆ ಬರಬೇಕು, ಕಂಪನಿಯ ಗೈಡ್ ಅಂಕ ಹಾಕಿ ಸಹಿ ಮಾಡಿರಬೇಕು, ಇಲ್ಲದಿದ್ದರೆ ಮುಂದಿನ ವರ್ಷ. ಫಾರಂನಲ್ಲಿ ಗೈಡ್ ಹೆಸರು ಮೊದಲೇ ಅಚ್ಚಾಗಿತ್ತು. ಬೇರೆಯವರು ಸಹಿ ಮಾಡುವಂತಿರಲಿಲ್ಲ. ಬೆಳಿಗ್ಗೆಯಿಂದ ನೆಟ್ಟಗಿದ್ದ ನಾನು ಆಗ ಹೆದರಿದೆ. ಅವರು ಹೋದದ್ದಕ್ಕಲ್ಲ, ಸಹಿ ಹಾಕದೆ ಹೋದರಲ್ಲ ಎಂದು.

ಫಾರಂ ಹಿಡಿದು ಕೆಳಗೆ ಓಡಿದೆ. ಮೇಡಂ ಬಸ್ ಸ್ಟಾಪಿನಲ್ಲಿದ್ದರು. ವಿದ್ಯಾರಣ್ಯಪುರದ ಬಸ್ಸು ಇನ್ನೂ ಬಂದಿರಲಿಲ್ಲ. ಏದುಸಿರು ಬಿಡುತ್ತಾ ನಿಂತ ನನ್ನನ್ನು ನೋಡಿ ಅವರ ಕಣ್ಣು ತುಂಬಿತು.

"ನೀನೊಬ್ಳಾದ್ರೂ ಬಂದ್ಯಲ್ಲೇ" ಎಂದು ನನ್ನ ಕೈ ಹಿಡಿದುಕೊಂಡರು.

ಇನ್ನೊಂದು ಕೈಯಲ್ಲಿದ್ದ ಫಾರಂ ಅನ್ನು ಬೆನ್ನ ಹಿಂದೆ ಹಿಡಿದೆ.

"ಹನ್ನೊಂದ್ ಗಂಟೆ ವಿಷ್ಯ ಆ ಲೀಡ್‌ಗೆ ಹೋಗಿದೆ ಕಣೇ. ಆ ಯಲಹಂಕದೋನೇ ಹೇಳಿರ್ಬೇಕು. ತಮ್ಮ ತಮ್ಮ ಅಂತ ಎಷ್ಟ್ ಹಚ್ಕೊಂಡಿದ್ದೆ ಅವ್ನನ್ನ. ಇನ್ನೊಂದ್ಸಲ ಅವ್ನ್ ಫೋನ್ ಎತ್ತಲ್ಲ ನಾನು."

"ಇರ್ಬಹುದು ಮೇಡಂ" ಎಂದೆ.

ಬಸ್ಸು ಬಂದುಬಿಟ್ಟರೆ ಏನು ಗತಿ ಎಂದು ನಾನು ರಸ್ತೆಯನ್ನೇ ನೋಡುತ್ತಿದ್ದೆ. ಕೊನೆಗೆ ಫಾರಂ ಮುಂದೆ ಚಾಚಿ, ಇವತ್ತೇ ಕೊನೆಯ ದಿನ ಎಂದೆ. ಅವರು ಕನ್ನಡಕ ಹಾಕಿಕೊಂಡು ಒಂದೊಂದು ಸಾಲನ್ನೂ ಓದಿದರು. ಸಮಯಪಾಲನೆಗೆ ಹತ್ತು, ಕಲಿಯುವ ಆಸಕ್ತಿಗೆ ಹತ್ತು, ತಾಂತ್ರಿಕ ಜ್ಞಾನಕ್ಕೆ ಹತ್ತು. ಎಲ್ಲದಕ್ಕೂ ಹತ್ತು ಹಾಕಿ, ತೊಡೆಯ ಮೇಲೆ ಬ್ಯಾಗನ್ನು ಒತ್ತಿಟ್ಟು ಚೆನ್ನಾಗಿ ಸಹಿ ಮಾಡಿದರು. ಸಹಿಯ ಕೆಳಗೆ ಹುದ್ದೆ ಎಂದು ಒಂದು ಗೆರೆ ಇತ್ತು. ಅಲ್ಲಿ ಪೆನ್ನು ನಿಂತಿತು.

"ಇಲ್ಲಿ ಏನ್ ಬರೀಲಿ?" ಎಂದು ಕೇಳಿದರು. ಚುಚ್ಚಿ ಕೇಳಿದ್ದಲ್ಲ. ನಿಜವಾಗಿಯೂ ಗೊತ್ತಾಗದೆ ಕೇಳಿದರು.

"ಹಳೇದೇ ಬರೀರಿ ಮೇಡಂ. ಯಾರೂ ಚೆಕ್ ಮಾಡಲ್ಲ."

ಬರೆದರು. ಆಮೇಲೆ ದಿನಾಂಕ ಎಂಬಲ್ಲಿಗೆ ಪೆನ್ನು ಹೋಯಿತು. ಇವತ್ತಿನ ದಿನಾಂಕ ಹಾಕಿದರೆ, ಕಾಲೇಜಿನವರು ಆಫೀಸಿಗೆ ಫೋನ್ ಮಾಡಿದರೆ, ಸಹಿ ಮಾಡಿದವರು ಅಂದು ಕಂಪನಿಯಲ್ಲೇ ಇರಲಿಲ್ಲ ಎಂದಾಗುತ್ತದೆ. ಅಷ್ಟು ದೂರ ನನ್ನ ತಲೆ ಥಟ್ಟನೆ ಓಡಿತು.

"ನಿನ್ನೇದು ಹಾಕಿ ಮೇಡಂ" ಎಂದೆ. "ನಿನ್ನೆ ತನಕ ನೀವು ಇದ್ರಲ್ಲ."

ಅವರು ಪೆನ್ನನ್ನು ಹಾಗೇ ಹಿಡಿದು ನನ್ನ ಮುಖ ನೋಡಿದರು. ಬೆಳಿಗ್ಗೆ ಪಟ್ಟಿಯಲ್ಲಿ ಎರಡು ಹೆಸರು ಪಕ್ಕ ಪಕ್ಕ ಇಟ್ಟು, ಇವರು ಅವರೇನಾ ಎಂದು ನೋಡುತ್ತಿದ್ದಷ್ಟೇ ಹೊತ್ತು ನೋಡಿದರು. ನಂತರ ನಿನ್ನೆಯ ದಿನಾಂಕ ಬರೆದು ಹಾಳೆಯನ್ನು ನನ್ನ ಕೈಗೆ ಕೊಟ್ಟರು.