ಗುರುವಾರದ ರೋಜಾ

ರಾಯಚೂರಿನ ಬೇರೂನ್ ಕಿಲ್ಲಾ ಬಡಾವಣೆಯ ಯಾವ ಚಹಾದಂಗಡಿಯಲ್ಲಿ ಕೂತು, ನಿಮ್ಮ ಕ್ಲಬ್ಬು ಹೇಗೆ ಮುಳುಗಿತೆಂದು ಕೇಳಿದರೂ ಒಂದೇ ಉತ್ತರ ಸಿಗುತ್ತದೆ. ಎಂಬತ್ತೊಂದರಲ್ಲಿ ಮಸರಕಲ್ಲಿನ ಮೌನಪ್ಪ ನಮ್ಮ ಫುಟ್‌ಬಾಲ್ ಕ್ಲಬ್ಬಿಗೆ ಬರಬೇಕಿತ್ತು, ದೇವದುರ್ಗದ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು, ಸಹಿ ಹಾಕುವ ಐದು ಗಂಟೆಯ ಗಡುವು ಮೀರಿತು, ಅಂಥ ಆಟಗಾರ ಕೈತಪ್ಪಿದ. ಹೇಳುವವರು ಬಸ್ಸಿಗೆ ಎರಡು ಬೈಗುಳವನ್ನೂ ಸೇರಿಸುತ್ತಾರೆ. ಆ ಬಸ್ಸು ಅವತ್ತು ಕೆಟ್ಟಿರಲಿಲ್ಲ. ಪಾಪ, ಬರುವ ವೇಳೆಗೆ ಸರಿಯಾಗಿ ಬಂದು ಸ್ಟ್ಯಾಂಡಿನಲ್ಲಿ ನಿಂತಿತ್ತು. ಬಸ್ಸಿನ ಸುಳ್ಳು ಹುಟ್ಟಿಸಿದವನು ಕ್ಲಬ್ಬಿನ ಸೆಕ್ರೆಟರಿ ನಬೀಸಾಬ್, ಮತ್ತು ಅದು ಆ ವಾರ ಅವನು ಹೇಳಿದ ಮೂರನೆಯ ಸುಳ್ಳು.

ನಬೀಸಾಬನದು ಹತ್ತಿ ಗಿರಣಿಯಲ್ಲಿ ಯಂತ್ರಗಳ ಚರ್ಮದ ಪಟ್ಟಾ ಹೊಲಿಯುವ ಕೆಲಸ. ದಿನವೆಲ್ಲ ಪಟ್ಟಾ ಹೊಲಿದ ದಬ್ಬಳದಿಂದಲೇ ಸಂಜೆ ಕ್ಲಬ್ಬಿನ ಹರಿದ ಚೆಂಡುಗಳನ್ನು ಹೊಲಿಯುತ್ತಿದ್ದ. ಸೆಕ್ರೆಟರಿ ಎಂದರೆ ದೊಡ್ಡ ಹುದ್ದೆ ಎಂದುಕೊಳ್ಳಬೇಡಿ. ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವುದು, ಆಟಗಾರರ ಬನಿಯನ್‌ಗಳನ್ನು ಒಗೆಸುವುದು, ಸೋತ ದಿನ ಎಲ್ಲರಿಂದ ಬೈಸಿಕೊಳ್ಳುವುದು, ಇಷ್ಟೇ. ಹನ್ನೊಂದು ವರ್ಷ ಇದನ್ನೇ ಮಾಡಿದ್ದ. ಮನೆಯ ಗೋಡೆಯಲ್ಲಿ ಒಂದು ಗೂಡನ್ನು ಖಾಲಿ ಇಟ್ಟಿದ್ದ. ಹೆಂಡತಿ ಹೀರಾಬಿ ಅಲ್ಲಿ ಉಪ್ಪಿನಕಾಯಿ ಭರಣಿ ಇಡಲು ಹೋದಾಗೆಲ್ಲ ಜಗಳ ತೆಗೆಯುತ್ತಿದ್ದ. ಅದು ಕ್ಲಬ್ಬು ಮುಂದೊಂದು ದಿನ ಗೆಲ್ಲಲಿರುವ ಜಿಲ್ಲಾ ಶೀಲ್ಡಿನ ಜಾಗ.

ಶೀಲ್ಡಿನ ಮಾತು ದೂರವೇ ಉಳಿಯಿತು. ಹಿಂದಿನ ವರ್ಷ ಇಡೀ ಲೀಗಿನಲ್ಲಿ ಬೇರೂನ್ ಕಿಲ್ಲಾ ಕ್ಲಬ್ಬು ಹೊಡೆದದ್ದು ನಾಲ್ಕು ಗೋಲು. ಅದರಲ್ಲಿ ಒಂದು ಎದುರಾಳಿಯೇ ತನ್ನ ಗೋಲಿಗೆ ಹೊಡೆದುಕೊಂಡದ್ದು. ಕ್ಲಬ್ಬಿನ ಅಧ್ಯಕ್ಷ, ನಬೀಸಾಬ್ ದುಡಿಯುವ ಗಿರಣಿಯ ಮಾಲೀಕ ವಿರೂಪಣ್ಣ ಸಾಹುಕಾರ, ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ: "ಈ ಸಲ ಕೆಳಗಿನ ಡಿವಿಜನ್ನಿಗಿ ಬಿದ್ರಿ ಅಂದ್ರ ನನ್ನ ಹೆಸರು ತಗದುಬಿಡ್ರಿ. ನಗಿಪಾಟಲಿಗಿ ನಾ ಒಲ್ಲೆ." ಸಾಹುಕಾರ ಕೈಬಿಟ್ಟರೆ ಕ್ಲಬ್ಬೇ ಇರುತ್ತಿರಲಿಲ್ಲ.

ಆಗ ಕಣ್ಣಿಗೆ ಬಿದ್ದವನು ಮೌನಪ್ಪ. ಊರು ದೇವದುರ್ಗ ತಾಲೂಕಿನ ಮಸರಕಲ್. ಮಾನ್ವಿಯಲ್ಲಿ ಖಾಸಿಂ ಸಾಬ್ ಎಂಬವರ ಗೋದಾಮಿನಲ್ಲಿ ಹಮಾಲಿ ಮಾಡುತ್ತ, ಅವರೇ ನಡೆಸುತ್ತಿದ್ದ ಮಾನ್ವಿ ಕ್ಲಬ್ಬಿನಲ್ಲಿ ಆಡುತ್ತಿದ್ದ. ಬರಿಗಾಲಿನಲ್ಲಿ ಅವನು ಮೂರು ಗೋಲು ಹೊಡೆದದ್ದನ್ನು ನೋಡಿದ ನಬೀಸಾಬನಿಗೆ ಎರಡು ದಿನ ಪಟ್ಟಾದ ಮೇಲೆ ಹೊಲಿಗೆ ನೆಟ್ಟಗೆ ಬೀಳಲಿಲ್ಲ. ಮಾನ್ವಿಗೆ ಹೋಗಿ ಕೇಳಿದ. ಖಾಸಿಂ ಸಾಬರು ದೊಡ್ಡ ಮನಸ್ಸಿನವರು. "ರಾಯಚೂರಿನ್ಯಾಗ ಗಿರಣಿ ಕೆಲಸ ಖಾಯಂ ಕೊಡಸ್ತೀರಿ ಅಂದ್ರ ನಾ ಯಾಕ ಅಡ್ಡ ಬರ್ಲಿ? ಬಡವರ ಮಗ, ಉದ್ಧಾರಾಗ್ಲಿ" ಎಂದು ಬಿಡುಗಡೆ ಪತ್ರ ಬರೆದೇ ಕೊಟ್ಟರು.

ಉಳಿದದ್ದು ಒಂದೇ. ಕ್ಲಬ್ಬು ಬದಲಿಸುವ ಆಟಗಾರ ಖುದ್ದಾಗಿ ರಾಯಚೂರಿನ ಲೀಗ್ ಆಫೀಸಿಗೆ ಬಂದು ರಿಜಿಸ್ಟರಿನಲ್ಲಿ ಸಹಿ ಹಾಕಬೇಕು. ಸೆಪ್ಟೆಂಬರ್ ಮೂವತ್ತು, ಬುಧವಾರ, ಸಂಜೆ ಐದಕ್ಕೆ ರಿಜಿಸ್ಟರು ಮುಚ್ಚುತ್ತದೆ.

ಅದರ ಹಿಂದಿನ ಗುರುವಾರ ಸಾಹುಕಾರ, ನಬೀಸಾಬ್ ಇಬ್ಬರೂ ಸಾಹುಕಾರನ ಜೀಪಿನಲ್ಲಿ ಮಸರಕಲ್ಲಿಗೆ ಹೋದರು. ಮೌನಪ್ಪನ ಮನೆ ಊರ ಹೊರಗಿನ ಕೇರಿಯಲ್ಲಿ. ಸಾಹುಕಾರ ಜೀಪಿನಿಂದ ಇಳಿಯಲೇ ಇಲ್ಲ. "ನೀನ ಹೋಗಿ ಮಾತಾಡಿ ಬಾ" ಎಂದು ಕಾಲ ಮೇಲೆ ಕಾಲು ಹಾಕಿಕೊಂಡು ಕೂತ. ನಬೀಸಾಬ್ ಅಂಗಳದ ಹೊರಸಿನ ಮೇಲೆ ಕೂತು ಮಾತಾಡಿದ. ಹತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು. ಮೌನಪ್ಪನ ಮುಖ ಅರಳಿತ್ತು. ಅವನ ತಾಯಿ ಮೂಕಮ್ಮ ಬೂದಿ ಹಚ್ಚಿ ಬೆಳಗಿದ ತಂಬಿಗೆಯಲ್ಲಿ ನೀರು ತಂದಿಟ್ಟಳು. ಒಲೆಯ ಮೇಲೆ ಚಹಾ ಕುದಿಯುತ್ತಿತ್ತು.

ನಬೀಸಾಬ್ ತಂಬಿಗೆ ನೋಡಿದ, ಜೀಪು ನೋಡಿದ. ಸಾಹುಕಾರನ ಕಣ್ಣು ಇವನ ಕೈಮೇಲೆಯೇ ಇತ್ತು. ಚರ್ಮ ಹೊಲಿದು ಬದುಕುವ ಈ ಮನುಷ್ಯನಿಗೆ ಆ ನೀರಿನಲ್ಲಿ ಯಾವ ಮೈಲಿಗೆಯೂ ಕಂಡಿರಲಿಲ್ಲ. ಕಂಡದ್ದು ಧಣಿಯ ಮುಖ, ನಾಳೆ ಗಿರಣಿಯಲ್ಲಿ ಆಗಬಹುದಾದ ಗೇಲಿ. ಅಂಜುಬುರುಕ.

"ಇವತ್ತ ಗುರುವಾರಲ್ಲ ಯವ್ವಾ, ರೋಜಾ ಅದ ನಂದು" ಎಂದುಬಿಟ್ಟ.

ಗುರುವಾರ ರೋಜಾದ ಉಪವಾಸ ಇರುವ ಪುಣ್ಯವಂತರು ಇದ್ದಾರೆ, ಇಲ್ಲವೆಂದಲ್ಲ. ನಬೀಸಾಬ್ ರಂಜಾನಿನ ರೋಜಾಗಳನ್ನೇ ಏದುಸಿರು ಬಿಡುತ್ತ ಮುಗಿಸುವವನು. ಮೂಕಮ್ಮನಿಗೆ ಇದೆಲ್ಲ ಏನು ಗೊತ್ತು? ಸೆರಗನ್ನು ತಲೆಮೇಲೆ ಎಳೆದುಕೊಂಡಳು, ಕೈಮುಗಿದಳು, ತಂಬಿಗೆಯನ್ನು ಸದ್ದಿಲ್ಲದೆ ಒಳಗೆ ಒಯ್ದಳು. ಕುದಿಯುತ್ತಿದ್ದ ಚಹಾವನ್ನೂ ಇಳಿಸಿ ಮುಚ್ಚಿಟ್ಟಳು.

ಮಸರಕಲ್ಲಿನ ಬಸ್‌ಸ್ಟ್ಯಾಂಡಿನ ಹತ್ತಿರ ಬಂದಾಗ ಸಾಹುಕಾರನಿಗೆ ಚಹಾ ಬೇಕೆನಿಸಿತು. ಹೋಟೆಲಿನ ಬೆಂಚಿನ ಮೇಲೆ ಕೂತು ಇಬ್ಬರೂ ಬಿಸಿ ಮಿರ್ಚಿ ತಿಂದರು, ಚಹಾ ಕುಡಿದರು. "ಛಲೋ ಪಾರಾದಿ ಬಿಡಲೇ ನಬಿ" ಎಂದು ಸಾಹುಕಾರ ನಕ್ಕ. ನಬೀಸಾಬನೂ ನಕ್ಕ.

ಬುಧವಾರ ಬೆಳಿಗ್ಗೆ ನಬೀಸಾಬ್ ಒಗೆದ ಅಂಗಿ ಹಾಕಿಕೊಂಡು ರಾಯಚೂರಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತ. ದೇವದುರ್ಗದ ಮೊದಲ ಬಸ್ಸು ಬಂತು. ಎಲ್ಲರೂ ಇಳಿದರು, ಮೌನಪ್ಪ ಇಳಿಯಲಿಲ್ಲ. ಎರಡನೆಯದು ಬಂತು, ಅದರಲ್ಲೂ ಇಲ್ಲ. ತಡೆಯಲಾರದೆ ನಬೀಸಾಬ್, ಅದೇ ಬಸ್ಸು ತಿರುಗಿ ಹೊರಟಾಗ ಹತ್ತಿ ಮಸರಕಲ್ಲಿಗೆ ಹೋದ. ಬಸ್‌ಸ್ಟ್ಯಾಂಡಿನಿಂದ ಕೇರಿಯವರೆಗೆ ಓಡುನಡಿಗೆಯಲ್ಲೇ ನಡೆದ. ಗಂಟಲು ಒಣಗಿತ್ತು. ಮೂಕಮ್ಮನನ್ನು ಕಂಡವನೇ ನೀರು ಕೇಳಿದ. ಅದೇ ತಂಬಿಗೆ ಬಂತು, ಗಟಗಟ ಕುಡಿದ. ಈಗ ನೋಡಲು ಜೀಪು ಇರಲಿಲ್ಲ.

"ಮೌನ್ಯಾ ನಸಿಕಿನ್ಯಾಗ ಎದ್ದು ಮಾನ್ವಿಗಿ ಹೋದ್ನಲ್ರೀ" ಎಂದಳು ಮೂಕಮ್ಮ. "ರಾಯಚೂರಿಗಿ ಹೋಗೋದಿತ್ತಲ್ಲೋ ಅಂದ್ರ ಬಾಯೇ ಬಿಡಲಿಲ್ಲ. ನಿಮಗ ಹೇಳ್ಯಾನ ಅಂತ ಮಾಡಿದ್ದೆ." ಆಮೇಲೆ ನಾಚುತ್ತ ಕೇಳಿದಳು: "ಅವತ್ತ ಸಂಜಿಗಿ ರೋಜಾ ಬಿಡಾಕ ಶೇಂಗಾ ಉಂಡಿ ಕಳಿಸಿದ್ದೆನಲ್ರೀ ಸಾಬರೇ, ಚಂದಿದ್ದುವೇನು? ಜೀಪು ಹೋಗೋದ್ರಾಗ ಕೊಟ್ಟು ಬಾ ಅಂತ ಮೌನ್ಯಾನ್ನ ಓಡಿಸಿದ್ದೆ. ಬೆಲ್ಲ ಸ್ವಲ್ಪ ಕಮ್ಮಿ ಬಿದ್ದಿತ್ತು."

ನಬೀಸಾಬ್ ತಂಬಿಗೆ ಕೆಳಗಿಟ್ಟ. ಅವನಿಗೆ ಯಾರೂ ಉಂಡಿ ಕೊಟ್ಟಿರಲಿಲ್ಲ. ಉಂಡಿಯ ಗಂಟು ಹಿಡಿದು ಓಡಿ ಬಂದ ಮೌನಪ್ಪ ಹೋಟೆಲಿನ ಮುಂದೆ ಏನು ಕಂಡಿರಬೇಕೆಂದು ತಿಳಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

"ಭಾಳ ಚಂದಿದ್ದುವು ಯವ್ವಾ" ಎಂದ. "ಮನಿಯಾಗ ಎಲ್ಲಾರೂ ತಿಂದ್ವಿ."

ಮಾನ್ವಿ ಕಡೆಗೆ ಹೊರಟಿದ್ದ ಲಾರಿಯೊಂದಕ್ಕೆ ಕೈಮಾಡಿ ಹತ್ತಿದ. ಖಾಸಿಂ ಸಾಬರ ಗೋದಾಮು ಮುಟ್ಟಿದಾಗ ಎರಡು ಗಂಟೆ. ಮೌನಪ್ಪ ಚೀಲ ಹೊರುತ್ತಿದ್ದ. ಖಾಸಿಂ ಸಾಬರೇ ಗಾಬರಿಯಾಗಿ, "ಏನ್ರಿ, ಇವ ಇಲ್ಲೇ ಅದಾನಲ್ಲ! ನನ್ನ ಮೋಟರ್ ಸೈಕಲ್ ಒಯ್ರಿ, ಇನ್ನೂ ವ್ಯಾಳ್ಯಾ ಅದ" ಎಂದು ಕೀಲಿ ಚಾಚಿದರು. ಮೌನಪ್ಪ ಬೆನ್ನ ಮೇಲಿನ ಚೀಲ ಇಳಿಸಿ, ಟವೆಲಿನಿಂದ ಮುಖ ಒರೆಸಿಕೊಂಡು ಹೊರಗೆ ಬಂದ.

"ತಪ್ಪಾತು ಮೌನಪ್ಪ" ಎಂದ ನಬೀಸಾಬ್. "ಸಾಹುಕಾರ ನೋಡಾಕತ್ತಿದ್ದ, ಅದಕ..."

"ಸಾಹುಕಾರ್ರು ಜೀಪ್ ಇಳೀಲಿಲ್ಲ. ಅವ್ರು ಇಳಿಯಂಗಿಲ್ಲಂತ ನಮಗ ಗೊತ್ತಿತ್ತು. ನೀವೂ ಒಲ್ಲೆ ಅಂದಿದ್ರ ನಡೀತಿತ್ತು ಚಾಚಾ, ನಮಗ ರೂಢಿ ಅದ. ನೀವು ನಮ್ಮವ್ವಗ ರೋಜಾ ಅಂದ್ರಿ." ಅವನ ದನಿ ಏರಲಿಲ್ಲ. "ಮನಿಗಿ ಬಂದ ದೊಡ್ಡವರು ಹನಿ ನೀರಿಲ್ಲದ ಉಪಾಸ ಹೋದ್ರು, ನಾ ಹ್ಯಾಂಗ ಉಣ್ಲಿ ಅಂತ ಆಕೀನೂ ಹೊತ್ತು ಮುಣುಗೋತನಾ ಏನೂ ತಿನ್ಲಿಲ್ಲ. ಗೊತ್ತೇನು ನಿಮಗ?"

ಮೌನಪ್ಪ ಟವೆಲನ್ನು ಹೆಗಲಿಗೆ ಹಾಕಿಕೊಂಡ.

"ಆ ಉಂಡಿ ಹಳ್ಳದ ದಂಡಿಗಿ ಕುಂತು ನಾನ ತಿಂದೆ. ಕೊಟ್ಟು ಬಂದೆ ಅಂತ ಅವ್ವಗ ಸುಳ್ಳ ಹೇಳಿದೆ. ಆಕಿಗಿ ಸುಳ್ಳ ಹೇಳಿದ್ದು ಅದೇ ಮೊದಲು."

"ಆಟ ಬಿಡು. ಗಿರಣಿ ಕೆಲಸರ ನೋಡಪ್ಪಾ, ಖಾಯಂ ಕೆಲಸ ಅದ" ಎಂದ ನಬೀಸಾಬ್.

"ಅಲ್ಲಿ ಯಾರ ತಂಬಿಗಿ ಮುಟ್ಟಿ ನೀರು ಕುಡೀಲಿ ನಾ?" ಎಂದು ಕೇಳಿದ. ಮೌನಪ್ಪ ಒಳಗೆ ಹೋಗಿ ಮತ್ತೆ ಚೀಲಕ್ಕೆ ಬೆನ್ನು ಕೊಟ್ಟ.

ನಬೀಸಾಬ್ ಒಬ್ಬನೇ ರಾಯಚೂರಿಗೆ ಮರಳಿದ. ಲೀಗ್ ಆಫೀಸಿನ ಮುಂದೆ ಕ್ಲಬ್ಬಿನವರೆಲ್ಲ ಹಾರ ಹಿಡಿದು ನಿಂತಿದ್ದರು. ಐದಾಗಿತ್ತು, ಗುಮಾಸ್ತ ರಿಜಿಸ್ಟರು ಮುಚ್ಚಿ ಬೀರುವಿಗೆ ಕೀಲಿ ಹಾಕುತ್ತಿದ್ದ. ಏನಾಯಿತು ಎಂದು ಎಲ್ಲರೂ ಮುತ್ತಿದಾಗ ಬಾಯಿಗೆ ಬಂದದ್ದು ಬಸ್ಸು. "ಬಸ್ ಕೆಟ್ಟು ನಿಂತು ಹಾಳಾತು" ಎಂದ. ಜನ ನಂಬಿದರು. ಸಾಹುಕಾರ ಅವನ ಭುಜ ತಟ್ಟಿ, ನಿನ್ನ ಕೈಲಾದದ್ದು ಮಾಡಿದಿ ಎಂದ. ಆ ಕೈ ಭುಜದ ಮೇಲೆ ಬಿದ್ದಾಗ ನಬೀಸಾಬನಿಗೆ ತನ್ನ ಮೇಲೆಯೇ ಹೇಸಿಕೆಯಾಯಿತು.

ಆ ವರ್ಷ ಬೇರೂನ್ ಕಿಲ್ಲಾ ಎರಡನೆಯ ಡಿವಿಜನ್ನಿಗೆ ಬಿತ್ತು. ಸಾಹುಕಾರ ಹೇಳಿದಂತೆ ಹೆಸರು ತೆಗೆಸಿಕೊಂಡ. ಮರುವರ್ಷ ಕ್ಲಬ್ಬೂ ಇರಲಿಲ್ಲ. ಮೌನಪ್ಪನಿಗಾದರೂ ಒಳ್ಳೆಯದಾಯಿತೇ ಎಂದರೆ ಅದೂ ಇಲ್ಲ. ಮಾನ್ವಿಗೂ ಶೀಲ್ಡು ಬರಲಿಲ್ಲ, ಮೂರು ವರ್ಷ ಕಳೆಯುವುದರಲ್ಲಿ ಚೀಲ ಹೊತ್ತು ಹೊತ್ತು ಅವನ ಮೊಣಕಾಲು ಕೆಟ್ಟು ಆಟ ನಿಂತಿತು. ಗೂಡಿನಲ್ಲಿ ಹೀರಾಬಿ ಉಪ್ಪಿನಕಾಯಿ ಭರಣಿ ಇಟ್ಟಳು. ನಬೀಸಾಬ್ ಜಗಳ ತೆಗೆಯಲಿಲ್ಲ.

ಆದರೆ ಅವನು ಗುರುವಾರ ರೋಜಾ ಹಿಡಿಯತೊಡಗಿದ. ಒಂದು ವಾರವೂ ಬಿಡಲಿಲ್ಲ. ಮೂಕಮ್ಮನ ಮನೆಗೆ ಹೋಗಿ ನಿಜ ಹೇಳುವ ಧೈರ್ಯ ಮಾತ್ರ ಬರಲಿಲ್ಲ, ಉಪವಾಸ ಅದಕ್ಕಿಂತ ಸುಲಭವಾಗಿತ್ತು. ಮಸೀದಿಯಲ್ಲಿ ಜನ ಅವನನ್ನು ತೋರಿಸಿ, ಇದ್ದರೆ ಹೀಗಿರಬೇಕು ಎಂದು ಮಕ್ಕಳಿಗೆ ಹೇಳತೊಡಗಿದರು. ಹೀರಾಬಿಗೆ ಗಂಡನ ಬಗ್ಗೆ ಹೆಮ್ಮೆಯೋ ಹೆಮ್ಮೆ.

ಎಂಬತ್ತಾರರ ಒಂದು ಗುರುವಾರ ಅವಳು ರೋಜಾ ಬಿಡಲೆಂದು ಖುಷಿಯಿಂದ ಶೇಂಗಾ ಉಂಡಿ ಕಟ್ಟಿದಳು. ಅಜಾನ್ ಆಯಿತು. ತಟ್ಟೆ ಮುಂದಿಟ್ಟು, ಬೆಲ್ಲ ಸರಿಯಾಗಿದೆಯೋ ಕಡಿಮೆಯಾಯಿತೋ ಎಂದು ಕೇಳಿದಳು. ನಬೀಸಾಬ್ ಒಂದು ಉಂಡಿ ಕೈಗೆತ್ತಿಕೊಂಡ, ಬಾಯಿಗೆ ಹಾಕಲಿಲ್ಲ. ಭಾಳ ಚಂದ ಆಗಿವೆ ಎಂದ.