ಬಾನೆಟ್ಟಿನ ಮೇಲಿನ ಡಾಂಬರು ಚುಕ್ಕೆ

ಬೀದಿಗೆಲ್ಲ ಅವನು ಮಿರಮಿರ. ಅವನ ಶೆಡ್ಡಿನೊಳಗೆ ಹೋದ ಕಾರು ಮಿರಮಿರ ಹೊಳೆಯುತ್ತ ಹೊರಬರುತ್ತಿದ್ದುದರಿಂದ ಅಂಟಿಕೊಂಡ ಹೆಸರು. ಮಾವನಿಗೆ ಮಾತ್ರ ಅವನು ‘ಕಾರು ತೊಳೆಯೋನು’. ನೆಂಟರ ನಡುವೆ “ನಿಮ್ಮಳಿಯ ಏನ್ಮಾಡ್ತಾರೆ?” ಎಂದು ಯಾರಾದರೂ ಕೇಳಿದರೆ ಮಾವ ಹಾಗೆಂದು ಹೇಳಿ, ಸೀನು ಬಂದವರಂತೆ ಮುಖ ಆಚೆ ತಿರುಗಿಸುತ್ತಿದ್ದರು. ತೊಳೆಯುವುದು ಈ ಕೆಲಸದ ಶುರು ಮಾತ್ರ ಎಂದು ಹೇಳಿ ಹೇಳಿ ಮಿರಮಿರನಿಗೆ ಬಾಯಿ ನೋವು ಬಂದಿತ್ತು. ತನ್ನ ಕೆಲಸವೂ ಒಂದು ಕೆಲಸವೇ ಎಂದು ಮಾವ ಒಮ್ಮೆಯಾದರೂ ಒಪ್ಪಬೇಕೆಂಬುದು ಅವನ ಆಸೆ. ಆಸೆಯೇನು ಬಂತು, ಹುಚ್ಚೇ ಅನ್ನಿ.

ಮಾವ ಜೀವಮಾನವಿಡೀ ಬಸ್ಸು ಓಡಿಸಿ ನಿವೃತ್ತರಾದವರು.

“ಗಾಡಿ ಇರೋದು ಓಡೋಕೆ. ಹೊಳೆಯೋಕೆ ಅದೇನು ಮದುಮಗಳಾ?”

“ಹಕ್ಕಿ ಹಿಕ್ಕೆ ಬಿದ್ದು ಒಣಗಿದ್ರೆ ಬಣ್ಣಾನ ತಿಂದ್ಹಾಕತ್ತೆ ಮಾವ. ಚೆನ್ನಾಗಿ ನೋಡ್ಕೊಂಡ್ರೆ ಮಾರೋವಾಗ ಒಳ್ಳೆ ಬೆಲೆ ಬರತ್ತೆ.”

“ನಾನ್ಯಾಕಯ್ಯ ಮಾರ್ಲಿ?”

ಮಾರುವ ಮಾತು ನೆಪವೆಂದು ಮಿರಮಿರನಿಗೂ ಗೊತ್ತಿತ್ತು. ಅವನ ಗಿರಾಕಿಗಳಲ್ಲಿ ವಕೀಲರೊಬ್ಬರು ಕೇಸು ಸೋತಾಗಲೆಲ್ಲ ಕಾರು ತಂದು ಬಿಡುತ್ತಿದ್ದರು. ಹಲ್ಲಿನ ಡಾಕ್ಟರೊಬ್ಬರು ಅವನು ಸೀಟು ಉಜ್ಜುವಾಗ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, “ಮೆಲ್ಲಗಪ್ಪಾ, ನೋವಾಗತ್ತೇನೋ” ಎನ್ನುತ್ತಿದ್ದರು. ಮನೆಯಲ್ಲಿ ಯಾರೂ ಮಾತು ಕೇಳದವರಿಗೆ, ಹೇಳಿದ ಹಾಗೆ ಹೊಳೆಯುವಂಥದ್ದು ಒಂದಾದರೂ ಇರಲಿ ಅನ್ನಿಸುತ್ತದೆ. ಪಾಪ, ಅದರಲ್ಲಿ ನಗುವಂಥದ್ದೇನಿದೆ!

ಕೊನೆಗೆ ಮಗಳ ಕಾಟ ತಡೆಯಲಾರದೆ ಮಾವ ತಮ್ಮ ಹಳೇ ಕೆಂಪು ಕಾರಿನ ಕೀಲಿ ಅಳಿಯನ ಕೈಗೆ ಹಾಕಿದರು. ಮಿರಮಿರನಿಗೆ ಊಟ ನಿದ್ದೆ ಮರೆತುಹೋಯಿತು. ನೊರೆ ಹೊದಿಸಿ ತೊಳೆದ. ಜೇಡಿಮಣ್ಣಿನಂಥ ಮೆತ್ತನೆಯ ಉಂಡೆಯಿಂದ ಮೈಯೆಲ್ಲ ತೀಡಿ, ಬಣ್ಣಕ್ಕೆ ಕಚ್ಚಿಕೊಂಡಿದ್ದ ಧೂಳು, ಮರದ ಅಂಟು, ಡಾಂಬರು ಎಲ್ಲ ಬಿಡಿಸಿದ. ಪಾಲಿಶ್ ಮಿಷನ್ನು ಹಿಡಿದು ಅಂಗೈಯಗಲ ಅಂಗೈಯಗಲವಾಗಿ ಗೀರು ತೆಗೆದು, ಮೇಣ ಹಚ್ಚಿದ. ಎ.ಸಿ. ಕಿಂಡಿಗಳನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದ. ಸೀಟಿನ ಸಂದಿಯಲ್ಲಿ ಹೆಂಡತಿಯ ಶಾಲೆ ಕಾಲದ ಹೇರ್‌ಪಿನ್ನು ಸಿಕ್ಕಿತು. ಕೈ ತಡೆಯದೆ ಅದಕ್ಕೂ ಪಾಲಿಶ್ ಹಾಕಿದ.

ಮಾವ ಮಗಳೊಂದಿಗೆ ಬಂದರು. ತಮ್ಮ ಕಾರಿನ ಮುಂದೆಯೇ ಹಾದುಹೋಗಿ, “ನಮ್ದೆಲ್ಲಿ?” ಎಂದರು.

“ಇದೇ ಮಾವ.”

ಮಾವ ಕನ್ನಡಕ ಸರಿಮಾಡಿಕೊಂಡು ನಂಬರ್ ಪ್ಲೇಟು ಓದಿಕೊಂಡರು. ಬಾನೆಟ್ಟಿನ ಮೇಲೆ ಬಗ್ಗಿದರು. ಒಳಗಿನಿಂದ ಇನ್ನೊಬ್ಬ ಮಾವ ಅಷ್ಟೇ ಅನುಮಾನದಿಂದ ಇವರನ್ನು ನೋಡಿದರು. ಈಗ ಹೊಗಳುತ್ತಾರೆ, ಇನ್ನೇನು ಹೊಗಳಿಯೇಬಿಟ್ಟರು ಎಂದು ಮಿರಮಿರ ಕೈಕಟ್ಟಿ ನಿಂತ.

“ನನ್ನ ಚುಕ್ಕೆ ಎಲ್ಲಿ?”

“ಯಾವ ಚುಕ್ಕೆ ಮಾವ?”

“ಬಾನೆಟ್ ಮೇಲಿನ ಡಾಂಬರು ಚುಕ್ಕೆ. ನಾನೇ ಇಟ್ಟಿದ್ದು. ಅದು ರಸ್ತೆ ಅಂಚಿನ ಮೇಲೆ ಕೂತ್ರೆ ಗಾಡಿ ನೇರ ಇದೆ ಅಂತ ಲೆಕ್ಕ. ಬಸ್ಸಲ್ಲೂ ಗಾಜಿನ ಮೇಲೆ ಒಂದು ಇಟ್ಕೊಂಡೇ ಓಡಿಸಿದ್ದು ನಾನು!”

ಡಾಂಬರು ಕಂಡರೆ ಕೈ ಸುಮ್ಮನಿರದ ಕಸುಬು ಮಿರಮಿರನದು. ಇದ್ಯಾವನೋ ಬೇಕೆಂದೇ ಮೆತ್ತಿದ್ದಾನಲ್ಲ ಎಂದು ಬೈದುಕೊಳ್ಳುತ್ತ ಅದನ್ನು ಬಿಡಿಸಿದ್ದು ನೆನಪಾಯಿತು.

ಮಾವ ಓಡಿಸಿ ನೋಡಿದರು. ಶೆಡ್ಡಿನಿಂದ ಹೊರಟ ಕಾರು ಕುಡಿದವನ ಹಾಗೆ ಆ ಕಡೆ ಈ ಕಡೆ ವಾಲಾಡಿ, ಎದುರಿನ ಬೇಕರಿಯ ಬಾಗಿಲಿಗೆ ಮೂತಿ ಕೊಟ್ಟು ನಿಂತಿತು. ಬೇಕರಿಯವನು ಏನು ಕೊಡಲಿ ಎಂದು ಕೇಳಿದ.

“ಗಾಡೀನ ಹಾಳ್ಮಾಡ್ಬಿಟ್ಟೆ ಕಣಯ್ಯ,” ಎಂದರು ಮಾವ ಇಳಿದು ಬಂದು. ಮಿರಮಿರನಿಗೆ ಅಳುವೇ ಬಂತು.

“ಒಂದು ಸ್ಟಿಕ್ಕರ್ ಅಂಟಿಸಿದ್ರಾಯ್ತಪ್ಪ,” ಎಂದಳು ಮಗಳು.

“ಬಿಸಿಲಿಗೆ ಉದುರತ್ತೆ. ಡಾಂಬರೇ ಆಗ್ಬೇಕು.”

ಬೀದಿಯ ತುದಿಯಲ್ಲಿ ರಸ್ತೆ ರಿಪೇರಿ ನಡೆದಿತ್ತು. ಮಿರಮಿರ ತಾನೇ ಹೋಗಿ ಒಂದು ಕಡ್ಡಿಯ ತುದಿಗೆ ಡಾಂಬರು ಹಿಡಿಸಿಕೊಂಡು ಬಂದ. ಸ್ವಂತ ಮಗುವಿನ ಮುಖಕ್ಕೆ ಮಸಿ ಬಳಿಯಲು ಹೊರಟಷ್ಟು ಸಂಕಟ. “ನೀವೇ ಇಡಿ ಮಾವ, ನನ್ನ ಕೈಲಾಗಲ್ಲ,” ಎಂದು ಕಡ್ಡಿ ಕೊಟ್ಟು ಕಣ್ಣು ಮುಚ್ಚಿಕೊಂಡ.

ಕಾರಿನ ಬಾಗಿಲು ತೆರೆಯಿತು, ಮುಚ್ಚಿತು. ಮಾವ ಕೂತು ಜಾಗ ನೋಡಿ ಇಳಿದಿರಬೇಕು. “ಇಲ್ಲಿ... ಬೇಡ, ಇಲ್ಲಿ... ಥತ್,” ಎಂಬ ಗೊಣಗು ಕೇಳಿತು. ಆಮೇಲೆ ಬಹಳ ಹೊತ್ತು ಬರೀ ಉಸಿರು.

“ಆಯ್ತಾ ಮಾವ?”

“ಹ್ಞೂಂ. ಕಣ್ಬಿಡು.”

ಬಾನೆಟ್ಟಿನ ಮೇಲೆ ಏನೂ ಇರಲಿಲ್ಲ. ಮಾವ ಕನ್ನಡಕ ಮೂಗಿಗೇರಿಸುತ್ತಿದ್ದರು. ಅದರ ಎಡಗಾಜಿನ ಮೇಲೆ ಮೆಣಸಿನ ಕಾಳಿನಷ್ಟು ಡಾಂಬರು ಕೂತಿತ್ತು.

“ಮುಟ್ಟೋಕೆ ಮನಸ್ಸು ಬರ್ಲಿಲ್ಲ ಕಣಯ್ಯ,” ಎಂದರು, ಮುಖ ಆಚೆ ತಿರುಗಿಸದೆ.

ಮಾವ ಮತ್ತೆ ಕಾರು ಹತ್ತಿದರು. ಕತ್ತನ್ನು ಒಂದಿಷ್ಟೂ ಅಲುಗಿಸದೆ, ರೆಪ್ಪೆ ಬಡಿಯದೆ, ಬೀದಿಯುದ್ದಕ್ಕೂ ದಾರ ಹಿಡಿದಷ್ಟು ನೇರವಾಗಿ ಓಡಿಸಿಕೊಂಡು ಹೋದರು.