ರುಚಿ ಪುಸ್ತಕದಲ್ಲಿ ಕೊತ್ತಿಯ ಸಹಿ

ಬಿಳಿಹಕ್ಕಲು ಶಾಲೆಯ ಅಡುಗೆಮನೆಯಲ್ಲಿ ದುರ್ಗಮ್ಮ ಸೌಟು ಹಿಡಿದು ಹದಿನಾಲ್ಕು ವರ್ಷಗಳಾದವು. ಸೊರಬ ತಾಲ್ಲೂಕಿನ ಜಡೆಯಿಂದ ಮೂರು ಮೈಲಿ ಒಳಗಿರುವ ಆ ಊರಿನಲ್ಲಿ ಅವಳ ಕೈಯ ಸಾರು ಉಣ್ಣದೆ ಏಳನೆಯ ತರಗತಿ ದಾಟಿದ ಮಗುವಿಲ್ಲ. ಮಗುವೊಂದು ಮನೆಯಲ್ಲಿ ತಿಂದು ಬಂದಿದೆಯೋ ಇಲ್ಲವೋ ಎಂಬುದು ಅದು ಗೇಟು ದಾಟುವ ನಡಿಗೆಯಲ್ಲೇ ಅವಳಿಗೆ ತಿಳಿಯುತ್ತಿತ್ತು. ತಿನ್ನದೆ ಬಂದ ಮಗುವಿನ ಹಾಲಿನ ಲೋಟ ಅಂದು ಹೇಗೋ ಅಂಚಿನವರೆಗೆ ತುಂಬಿರುತ್ತಿತ್ತು. ಇದಕ್ಕೆ ಯಾರ ಆದೇಶವೂ ಇರಲಿಲ್ಲ.

ಅವಳ ತವರು ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಕಡೆ. ಅಪ್ಪ ಚೌಡಪ್ಪನಿಗೆ ನೂರಿಪ್ಪತ್ತು ಕುರಿಗಳಿದ್ದವು. ಉಣ್ಣೆ ಕತ್ತರಿಸುವ ದಿನ ಅವನಿಗೊಂದು ಅಭ್ಯಾಸವಿತ್ತು. ಕುರಿಯನ್ನು ಮಲಗಿಸಿ ಕಾಲು ಒತ್ತಿ ಹಿಡಿದು, ಆ ಕುರಿ ವರ್ಷವಿಡೀ ಮಾಡಿದ ತಂಟೆಯನ್ನೆಲ್ಲ ಪದ ಕಟ್ಟಿ ಅದರ ಕಿವಿಯಲ್ಲಿ ಹಾಡುತ್ತಿದ್ದ. ಯಾರ ಹೊಲದ ಜೋಳ ಮೇಯ್ದಿತು, ಯಾವ ಬೇಲಿ ಹಾರಿತು, ಯಾವ ಮರಿಯನ್ನು ಗುಮ್ಮಿತು, ಎಲ್ಲವೂ ಆ ಹಾಡಿನಲ್ಲಿ ಬರುತ್ತಿತ್ತು. ಹಾಡು ಕೇಳುತ್ತ ಕುರಿ ಅಲುಗಾಡದೆ ಮಲಗಿರುತ್ತಿತ್ತು. ಒಮ್ಮೆ ಚಿಕ್ಕ ದುರ್ಗಿ, ಕಟ್ಟಿಹಾಕಿದ್ದ ಕುರಿಯ ಮುಂದೆ ಬೇರೊಂದು ಕುರಿಯ ತಂಟೆ ಹಾಡಿದ್ದಕ್ಕೆ ಅಪ್ಪ ಕತ್ತರಿ ಕೆಳಗಿಟ್ಟಿದ್ದ.

"ಹಂಗ್ ಮಾಡಬಾರದವ್ವ. ಬೈಯೋದಿದ್ರೆ ಅದರದ್ದೇ ಮುಂದ ಕುಂತು, ಅದರದ್ದೇ ಹೆಸರು ಹಿಡಿದು ಬೈಯಬೇಕು. ಇಲ್ಲಾಂದ್ರ ಅದು ಪದ ಅಲ್ಲ, ಚಾಡಿ."

ಮಾಳೇಶನನ್ನು ಮದುವೆಯಾಗಿ ಸೊರಬದ ಕಡೆಗೆ ಬಂದಮೇಲೂ ದುರ್ಗಮ್ಮ ಪದ ಕಟ್ಟುವುದನ್ನು ಬಿಡಲಿಲ್ಲ. ಉರಿಯದ ಒಲೆಗೆ, ಸೋರುವ ಬಕೆಟ್ಟಿಗೆ, ಹೊತ್ತಿಗೆ ಸರಿಯಾಗಿ ಬಾರದ ಗ್ಯಾಸಿನ ಗಾಡಿಗೆ ಒಂದೊಂದು ಪದವಿತ್ತು. ಗಾಡಿಯ ಪದವನ್ನು ಗಾಡಿಯವನ ಎದುರಿಗೇ ಹಾಡಿದ್ದಳು. ಆ ಮನುಷ್ಯ ನಕ್ಕು, ಎರಡು ತಿಂಗಳು ಹೊತ್ತಿಗೆ ಸರಿಯಾಗಿ ಬಂದಿದ್ದ.

ಬಿಸಿಯೂಟದ ಅಡುಗೆಮನೆಯಲ್ಲಿ 'ರುಚಿ ಪುಸ್ತಕ' ಎಂಬುದೊಂದು ಇರುತ್ತದೆ. ಮಕ್ಕಳು ಉಣ್ಣುವ ಮೊದಲು ದೊಡ್ಡವರೊಬ್ಬರು ಅಡುಗೆಯ ರುಚಿ ನೋಡಿ ಅದರಲ್ಲಿ ಸಹಿ ಮಾಡಬೇಕು. ಬೇರೆ ಶಾಲೆಗಳಲ್ಲಿ ಒಂದು ಚಮಚದಿಂದ ಮುಗಿಯುವ ಈ ಕೆಲಸಕ್ಕೆ ಬಿಳಿಹಕ್ಕಲಿನಲ್ಲಿ ಒಂದು ಊಟದೆಲೆ ಬೇಕಾಗುತ್ತಿತ್ತು. ಏಕೆಂದರೆ ಶಾಲಾ ಸಮಿತಿಯ ಅಧ್ಯಕ್ಷರಾದ ಪಂಚಾಕ್ಷರಪ್ಪನವರು ಈ ಹೊಣೆಯನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

"ಒಂದು ಚಮಚದಲ್ಲಿ ಎಂತ ಗೊತ್ತಾಗ್ತದೆ ದುರ್ಗಮ್ಮ? ನಿಜವಾದ ರುಚಿ ಮೂರನೇ ಸಲ ಬಡಿಸ್ಕೊಂಡಾಗ ಗೊತ್ತಾಗೋದು" ಎನ್ನುತ್ತಿದ್ದರು.

ಮೂರನೆಯ ಸಲವೂ ಸಂದೇಹ ಉಳಿದರೆ ಅದಕ್ಕಾಗಿ ಮೂರು ಅಂತಸ್ತಿನ ಕ್ಯಾರಿಯರ್ ಬರುತ್ತಿತ್ತು. "ನಮ್ಮ ಮನೆಯವರದ್ದೂ ಒಂದು ಅಭಿಪ್ರಾಯ ತಗಳೋಣ" ಎಂದು ತುಂಬಿಸಿಕೊಳ್ಳುವರು. ಆಮೇಲೆ ಜಗಲಿಯಲ್ಲಿ ನಿಂತು, ಹೆಗಲ ಮೇಲಿನ ಟವೆಲಿನಿಂದ ಮೀಸೆ ಒರೆಸಿಕೊಂಡು, ಹಸಿದು ಸಾಲಾಗಿ ಕುಳಿತ ಮಕ್ಕಳಿಗೆ ಹಂಚಿ ತಿನ್ನುವ ಗುಣದ ಬಗ್ಗೆ ಹತ್ತು ನಿಮಿಷ ತಿಳಿಹೇಳುವರು. ದುರ್ಗಮ್ಮ ಇದರಲ್ಲಿ ವಿಶೇಷವೇನನ್ನೂ ಕಂಡಿರಲಿಲ್ಲ. ಹದಿನಾಲ್ಕು ವರ್ಷಗಳಲ್ಲಿ ನಾಲ್ವರು ಅಧ್ಯಕ್ಷರನ್ನು ನೋಡಿದ್ದ ಅವಳು, ಅಧ್ಯಕ್ಷರೆಂದರೆ ಹೀಗೆಯೇ ಇರುವವರೆಂದು ತಿಳಿದಿದ್ದಳು.

ಅಡುಗೆಮನೆಗೆ ಬರುತ್ತಿದ್ದ ಇನ್ನೊಬ್ಬ ಅತಿಥಿಯೆಂದರೆ ಕೆಂದು ಬಣ್ಣದ ಒಂದು ಗಂಡು ಕೊತ್ತಿ. ಒಂದು ಕಿವಿ ಹರಿದಿತ್ತು, ಮೀಸೆ ಮಾತ್ರ ಭರ್ಜರಿಯಾಗಿತ್ತು. ತವರಿನಲ್ಲಿ ದುರ್ಗಮ್ಮ ಬೆಕ್ಕು ಎನ್ನುತ್ತಿದ್ದಳು; ಮಕ್ಕಳ ಬಾಯಲ್ಲಿ ಕೇಳಿ ಕೇಳಿ ಅವಳಿಗೂ ಅದು ಕೊತ್ತಿಯೇ ಆಗಿತ್ತು. ಒಂದು ದಿನ ಅವಳು ನೀರು ತರಲು ಹೋಗಿದ್ದಾಗ ಅದು ಹಾಲು ಕುಡಿದು, ಬೆಂದ ಬೇಳೆಗೆ ಮೂತಿ ಇಟ್ಟು, ಹಾಲಿನ ಪುಡಿಯನ್ನು ತುಳಿದು ಓಡಿತು. ಓಡುವಾಗ ಕಿಟಕಿಯ ಕಟ್ಟೆಯಲ್ಲಿ ತೆರೆದಿಟ್ಟಿದ್ದ ರುಚಿ ಪುಸ್ತಕದ ಮೇಲೆ ಅದರ ಒಂದು ಹೆಜ್ಜೆ ಬಿತ್ತು. ಬಿದ್ದದ್ದು ಹಿಂದಿನ ದಿನದ ಸಹಿಯ ಕೆಳಗೆ, ಇಂದಿನ ಸಹಿ ಮಾಡಬೇಕಾದ ಜಾಗದಲ್ಲಿ, ತೇದಿಗೆ ನೇರವಾಗಿ.

ದುರ್ಗಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕೆಟ್ಟ ಹಾಲು, ಬೇಳೆಯನ್ನು ಚೆಲ್ಲಿ, ಬೇರೆ ಬೇಳೆ ಬೇಯಲು ಇಟ್ಟು, ಸೋರೆಕಾಯಿ ಹೆಚ್ಚುತ್ತ ಪದ ಕಟ್ಟಿದಳು. ಅಪ್ಪನ ಕಟ್ಟಳೆಯಂತೆ ಮರುದಿನ ಕೊತ್ತಿ ಕಿಟಕಿಗೆ ಬಂದಾಗ ಅದರ ಎದುರಿಗೇ ಹಾಡಿದಳು.

ಬಂತಪ್ಪೋ ಕೊತ್ತಿ ಬಂತು,
ಬಾಗಿಲಲ್ಲಿ ಗತ್ತಲಿ ನಿಂತು,
"ಮಕ್ಕಳು ಉಣ್ಣೋಕೆ ಮುಂಚೆ
ನಾ ರುಚಿ ನೋಡಬೇಕು" ಅಂತು.

ಹಾಲಿನ ಪಾತ್ರೆಗೆ ಮೂತಿ,
ಬೇಳೆಯ ಮೇಲೂ ಪ್ರೀತಿ,
ಸಿಕ್ಕರೆ ಮೀಸೆ ಒರೆಸಿ
ಹೇಳುತ್ತೆ ನಮಗೇ ನೀತಿ.

ಪೊಲೀಸು ಬಂದರೆ ಸುಮ್ಮನೆ
ಇಲಿಯ ಮ್ಯಾಲೆ ದೂರಿ,
ಪುಸ್ತಕಕ್ಕೊಂದು ಸಹಿಯ ಒತ್ತಿ
ಹೋಯಿತು ಕಿಟಕಿ ಹಾರಿ!

ತಟ್ಟೆ ತೊಳೆಯಲು ಬಂದಿದ್ದ ಐದನೆಯ ತರಗತಿಯ ಸ್ಪಂದನ ಇದನ್ನು ಕೇಳಿ ಬಾಯಿಪಾಠ ಮಾಡಿದಳು. ಜಡೆಯಲ್ಲಿ ಸುತ್ತಲಿನ ಶಾಲೆಗಳ ಮಕ್ಕಳ ಪ್ರತಿಭಾ ಸ್ಪರ್ಧೆ ನಡೆದಾಗ, ಬೇರೆ ಮಕ್ಕಳು ನಾಡು, ನುಡಿ, ಪರಿಸರಗಳ ಮೇಲೆ ಪದ್ಯ ಹೇಳಿದರೆ, ಸ್ಪಂದನ, ದುರ್ಗಮ್ಮ ಕಟ್ಟಿದ್ದೆಂದು ಮೊದಲೇ ತಿಳಿಸಿ, ಕೈಯನ್ನು ಪಂಜದಂತೆ ಮಾಡಿಕೊಂಡು ಕೊತ್ತಿಯ ಪದ್ಯ ಹೇಳಿದಳು. ಸಭೆಗೆ ಸಭೆಯೇ ನಕ್ಕಿತು. ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕುಳಿತಿದ್ದ ಪಂಚಾಕ್ಷರಪ್ಪನವರು ಎಲ್ಲರಿಗಿಂತ ಗಟ್ಟಿಯಾಗಿ ನಕ್ಕು, "ನಮ್ಮ ಶಾಲೆ ಹುಡುಗಿ!" ಎಂದು ಪಕ್ಕದವರಿಗೆ ತೋರಿಸಿದರು.

ಅಲ್ಲಿಗೆ ಬಿಟ್ಟಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಆದರೆ ತೀರ್ಪುಗಾರನಾಗಿ ಬಂದಿದ್ದ ಕಾಲೇಜು ಅಧ್ಯಾಪಕ ಯತೀಶ, ಒಂದು ಪದ್ಯವನ್ನು ವಿವರಿಸದೆ ಬಿಡಬಲ್ಲ ಜಾತಿಯವನಲ್ಲ. ಅವನು ಮೈಕಿನ ಮುಂದೆ ನಿಂತು ಕನ್ನಡಕ ಸರಿಪಡಿಸಿಕೊಂಡನು.

"ನೀವೆಲ್ಲ ನಕ್ಕಿರಿ. ಆದರೆ ಈ ಪದ್ಯ ನಿಮಗೆ ಅರ್ಥವಾಗಲಿಲ್ಲ" ಎಂದು ಆರಂಭಿಸಿದನು. "ಈ ಕೊತ್ತಿ ಕೊತ್ತಿಯಲ್ಲ. ಇದು ಅಧಿಕಾರ! ಮಕ್ಕಳಿಗಿಂತ ಮೊದಲು ಉಣ್ಣುವವರು ಯಾರು? ಉಂಡು ಮೀಸೆ ಒರೆಸಿ ನೀತಿ ಹೇಳುವವರು ಯಾರು? ಪುಸ್ತಕಕ್ಕೆ ಸಹಿ ಹಾಕುವವರು ಯಾರು? ಸ್ವಲ್ಪ ಯೋಚಿಸಿ ನೋಡಿ."

ಬಿಳಿಹಕ್ಕಲಿನವರು ಯೋಚಿಸಿದರು. ಹೆಚ್ಚು ಹೊತ್ತು ಬೇಕಾಗಲಿಲ್ಲ. ಒಬ್ಬೊಬ್ಬರದೇ ಕತ್ತು ಮುಂದಿನ ಸಾಲಿನ ಕಡೆಗೆ ತಿರುಗಿತು. ಆಗಷ್ಟೇ ಉಪ್ಪಿಟ್ಟು ತಿಂದು ಮೀಸೆ ಒರೆಸಿಕೊಳ್ಳುತ್ತಿದ್ದ ಪಂಚಾಕ್ಷರಪ್ಪನವರ ಕೈ ಅಲ್ಲೇ ನಿಂತಿತು. ಪದ್ಯಕ್ಕೆ ಮೊದಲ ಬಹುಮಾನ ಬಂತು.

ಎರಡು ದಿನಗಳಲ್ಲಿ ಪದ್ಯ ಮೊಬೈಲುಗಳನ್ನು ಹತ್ತಿ ಶಿರಾಳಕೊಪ್ಪದ ಸಂತೆಯವರೆಗೆ ಹೋಯಿತು. ಅಲ್ಲಿ ಒಬ್ಬ ಬದನೆಕಾಯಿ ವ್ಯಾಪಾರಿ ಪಂಚಾಕ್ಷರಪ್ಪನವರನ್ನು ಕಂಡು, "ಬರ್ರಿ ಅಧ್ಯಕ್ಷರೇ, ರುಚಿ ನೋಡ್ರಿ" ಎಂದನಂತೆ. ಬದನೆಕಾಯಿಯನ್ನು ಯಾರೂ ಹಸಿಯಾಗಿ ರುಚಿ ನೋಡುವುದಿಲ್ಲವೆಂಬುದು ಇಬ್ಬರಿಗೂ ಗೊತ್ತಿತ್ತು. ಮರುದಿನವೇ ಸಮಿತಿಯ ಸಭೆಗೆ ನೋಟಿಸು ಬಂತು. ಸಭೆಯ ವಿಷಯ ಒಂದೇ: ಕೊತ್ತಿಯ ಪದ್ಯದ ಅರ್ಥವನ್ನು ನಿರ್ಣಯಿಸಿ, ಅಡುಗೆಯವಳಾದ ದುರ್ಗಮ್ಮನನ್ನು ಕೆಲಸದಿಂದ ತೆಗೆಯುವುದು.

ಅರ್ಥ ಇನ್ನೂ ನಿರ್ಣಯವಾಗದೆ ತೆಗೆಯುವ ತೀರ್ಮಾನ ಹೇಗಾಯಿತೆಂದು ಯಾರೂ ಕೇಳಲಿಲ್ಲ.

ಆ ಸಂಜೆ ದುರ್ಗಮ್ಮ ಮನೆಯ ಮುಂದೆ ಮಂಕಾಗಿ ಕುಳಿತಿದ್ದಳು. ಮಾಳೇಶ ಕುರಿ ಕೂಡಿಹಾಕಿ ಬಂದು ಪಕ್ಕದಲ್ಲಿ ಕುಳಿತ.

"ತಪ್ಪಾತು ಅಂದ್ಬಿಡು ಮಾರಾಯ್ತಿ. ಕೊತ್ತಿ ಅಂದಿದ್ದು ತಪ್ಪು ಅನ್ನು."

"ಕೊತ್ತಿನ್ನ ಕೊತ್ತಿ ಅನ್ನದ ಎಮ್ಮಿ ಅನ್ನಲೇನು?"

"ಅದು ಕೊತ್ತಿ ಅಲ್ಲ, ಅಧ್ಯಕ್ಷರು ಅಂತಾರಲ್ಲೇ ಅವರು!"

"ನಾ ಯಾವಾಗ ಅಧ್ಯಕ್ಷರ ಮ್ಯಾಲೆ ಪದ ಕಟ್ಟಿದ್ನಿ?" ಎಂದಳು. ಆಮೇಲೆ, "ನಾಳಿಂದ ಯಾವುದಾದ್ರೂ ಕೂಸು ತಿನ್ನದ ಬಂದ್ರ ಯಾರಿಗೆ ಗೊತ್ತಾಗ್ತತಿ?" ಎಂದಳು.

ಸಭೆ ನಾಲ್ಕನೆಯ ತರಗತಿಯ ಕೋಣೆಯಲ್ಲಿ ಸೇರಿತು. ದೊಡ್ಡವರೆಲ್ಲ ಚಿಕ್ಕ ಬೆಂಚುಗಳ ಮೇಲೆ ಮೊಣಕಾಲು ಎದೆಗೆ ತಾಗಿಸಿಕೊಂಡು ಕುಳಿತರು. ಮುಖ್ಯೋಪಾಧ್ಯಾಯಿನಿ ಕರುಣಾ ಟೀಚರು ನಡಾವಳಿ ಪುಸ್ತಕ ತೆರೆದರು. ಅವರದು ಮುತ್ತಿನಂಥ ಅಕ್ಷರ. ಹೇಳಿದ್ದನ್ನೆಲ್ಲ ಬರೆಯುವ ಸ್ವಭಾವ. ದುರ್ಗಮ್ಮ ಬಾಗಿಲ ಬಳಿ ನಿಂತಿದ್ದಳು.

"ಬರ್ಕೊಳ್ಳಿ ಟೀಚರ್. ದುರ್ಗಮ್ಮ ನನ್ನನ್ನ ಕೊತ್ತಿ ಅಂದಿದಾಳೆ" ಎಂದರು ಪಂಚಾಕ್ಷರಪ್ಪನವರು.

ಟೀಚರು ಬರೆದರು. ಬರೆದು ತಲೆಯೆತ್ತಿದರು. "ಸರ್, ಪದ್ಯದಲ್ಲಿ ನಿಮ್ಮ ಹೆಸರಿಲ್ಲ. ಹಾಗಾದ್ರೆ ನೀವೇ ಅಂತ ಹೇಗೆ ಗೊತ್ತಾಯ್ತು ಅನ್ನೋದನ್ನ ಬರೀಬೇಕಾಗ್ತದೆ. ಮೇಲಿನವರು ಕೇಳ್ತಾರಲ್ರೀ."

"ಇದರಲ್ಲಿ ಬರೆಯೋದೆಂತ? ಊರಿಗೇ ಗೊತ್ತು! ಆನಂದಪ್ಪ, ನೀ ಹೇಳೋ."

ಸಮಿತಿಯ ಸದಸ್ಯ ಆನಂದಪ್ಪ ಅಧ್ಯಕ್ಷರ ಮಾತಿಗೆ ಎಂದೂ ಇಲ್ಲವೆಂದವನಲ್ಲ. ಎದ್ದು ನಿಂತು ಗಂಟಲು ಸರಿಮಾಡಿಕೊಂಡ. "ಹೌದು ಟೀಚರ್, ಇದು ನಮ್ಮ ಅಧ್ಯಕ್ಷರೇ. ಸಂಶಯವೇ ಇಲ್ಲ. ಮಕ್ಕಳಿಗಿಂತ ಮುಂಚೆ ಉಣ್ಣೋದು ಅಂತ ಮೊದಲ್ನೇ ನುಡೀಲಿ ಬರ್ತದೆ. ಅದು ಇವರೇ ಅಲ್ದೆ ಮತ್ಯಾರು?"

"ಏಯ್, ಉಣ್ಣೋದಲ್ಲೋ! ರುಚಿ ನೋಡೋದು!"

"ಅದೇ, ಮೂರು ಸಲ ರುಚಿ ನೋಡೋದು. ಆಮೇಲೆ ಬೇಳೆ ಮೇಲೆ ಪ್ರೀತಿ ಅಂತದೆ. ಕ್ಯಾರಿಯರಿನ ಕೆಳಗಿನ ಡಬ್ಬಿ ಯಾವಾಗ್ಲೂ ಬೇಳೆಯದ್ದೇ ಅಲ್ದಾ? ನಾನೇ ಎಷ್ಟೋ ಸಲ ಬೈಕಲ್ಲಿ ಹಿಡ್ಕಂಡು ಕೂತಿದೀನಿ."

ಕರುಣಾ ಟೀಚರು ತಲೆ ತಗ್ಗಿಸಿ ಬರೆಯುತ್ತಲೇ ಇದ್ದರು. "ಕ್ಯಾರಿಯರಿನ ಕೆಳಗಿನ ಡಬ್ಬಿ..." ಎಂದು ಮೆಲ್ಲಗೆ ಓದಿಕೊಂಡು, "ಕ್ಯಾರಿಯರ್ ದಿನಾಲೂ ಬರ್ತಿತ್ತು ಅಂತ ಬರೀಲಾ, ಆಗಾಗ ಅಂತ ಬರೀಲಾ?" ಎಂದು ಕೇಳಿದರು.

"ಎಂತಕೆ ಅದನ್ನೆಲ್ಲ ಬರೀತೀರಿ?" ಎಂದು ಪಂಚಾಕ್ಷರಪ್ಪನವರು ಎದ್ದರು. ಅವಸರದಲ್ಲಿ ಚಿಕ್ಕ ಬೆಂಚು ಅವರ ಜೊತೆಗೇ ಎದ್ದಿತು.

"ಹೋಲಿಕೆ ಬೇಕಲ್ಲ ಸರ್. ಹೋಲಿಕೆ ಇಲ್ದೆ ಅವಮಾನ ಆಗಿದೆ ಅಂತ ಹೇಗೆ ಬರೆಯೋದು?"

ಹಿಂದಿನ ಬೆಂಚಿನಿಂದ ಒಂದು ನಗೆ ಸಿಡಿಯಿತು. ಪಂಚಾಕ್ಷರಪ್ಪನವರು ಬೆವರು ಒರೆಸಲು ಟವೆಲು ಎತ್ತಿದರು. ಟವೆಲು ಹಣೆಗೆ ಹೋಗುವ ಬದಲು ಅಭ್ಯಾಸಬಲದಿಂದ ಮೀಸೆಗೇ ಹೋಯಿತು.

ಬಾಗಿಲ ಬಳಿ ನಿಂತಿದ್ದ ದುರ್ಗಮ್ಮ ಆ ಟವೆಲನ್ನು ನೋಡಿದಳು, ಮೀಸೆಯನ್ನು ನೋಡಿದಳು. ಅವಳ ಬಾಯಿ ತಾನಾಗಿ ತೆರೆಯಿತು. ತಾನು ಕಟ್ಟಿದ ಪದ್ಯ ಅವಳಿಗೆ ಅರ್ಥವಾದದ್ದು ಆಗಲೇ. ಶಿರಾಳಕೊಪ್ಪದ ಬದನೆಕಾಯಿ ವ್ಯಾಪಾರಿಗೂ ಅರ್ಥವಾದಮೇಲೆ, ಎಲ್ಲರಿಗಿಂತ ಕೊನೆಗೆ ಅವಳಿಗೆ ಅರ್ಥವಾಯಿತು.

"ಅಯ್ಯೋ ಶಿವನೇ, ಹೌದಲ್ರೀ!" ಎಂದಳು.

ಪಂಚಾಕ್ಷರಪ್ಪನವರು ಟೀಚರ ಕಡೆಗೆ ತಿರುಗಿದರು.

"ಒಪ್ಕಂಡ್ಳು! ಬರ್ಕೊಳ್ಳಿ!"

"ಇಲ್ರೀ ಯಜಮಾನ್ರೇ" ಎಂದು ದುರ್ಗಮ್ಮ ಮುಂದೆ ಬಂದಳು. "ಹೋಲಿಕಿ ಐತಿ, ಖರೆ. ನಂಗೂ ಈಗ ಕಾಣ್ತು. ಆದ್ರ ನಾ ಆ ಪದ ಕಟ್ಟಿದ್ದು ಕೊತ್ತಿ ಮ್ಯಾಲೇ. ಕೊತ್ತಿ ಎದುರಿಗೆ ಕುಂತು ಹಾಡೀನಿ. ನಮ್ಮಪ್ಪ ಕಲಿಸಿದ್ದು ಹಂಗ. ಯಾರನ್ನ ಬೈತೀವೋ ಅವರ ಮುಂದ ಕುಂತು, ಅವರ ಹೆಸರು ಹಿಡಿದೇ ಬೈಯಬೇಕು. ನಿಮ್ಮ ಮ್ಯಾಲೆ ಕಟ್ಟೋದಾಗಿದ್ರ ನಿಮ್ಮ ಹೆಸರು ಹಾಕೇ ಕಟ್ತಿದ್ನಿ, ನಿಮ್ಮ ಎದುರಿಗೇ ಹಾಡ್ತಿದ್ನಿ. ಎರಡಕ್ಕೂ ಫರಕು ಏನಂತ ಸಭೆಗೆ ಗೊತ್ತಾಗಬೇಕಂದ್ರ ಈಗ್ಲೇ ನಿಮ್ಮದೊಂದು ಕಟ್ಟಿ ತೋರಿಸ್ಲೇನು? ಹತ್ತು ನಿಮಿಷ ಸಾಕು. ಹೆಸರು ಉದ್ದ ಐತಿ, ಆದ್ರೂ ಕುಂದ್ರಸ್ತೀನಿ."

ಅವಳು ಬೆದರಿಸಲಿಲ್ಲ. ಗ್ಯಾಸಿನ ಗಾಡಿಯವನನ್ನು ಕೇಳುವಂತೆಯೇ ವಿನಯದಿಂದ ಕೇಳಿದಳು. ಕರುಣಾ ಟೀಚರು ಹೊಸ ಪುಟ ತಿರುವಿ, "ಅದನ್ನೂ ನಡಾವಳೀಲಿ ಬರ್ಕೊಳ್ತೀನಿ" ಎಂದರು. ಹಿಂದಿನ ಬೆಂಚಿನಲ್ಲಿ ಇಬ್ಬರು ಮೊಬೈಲು ಹೊರಗೆ ತೆಗೆದರು.

ಪಂಚಾಕ್ಷರಪ್ಪನವರು ಮೊಬೈಲುಗಳನ್ನು ನೋಡಿದರು. ಹೆಸರಿಲ್ಲದ ಪದ್ಯವೇ ಸಂತೆಯವರೆಗೆ ಹೋಗಿತ್ತು.

"ಬೇಡ" ಎಂದರು. ನಿಧಾನವಾಗಿ ಕುಳಿತರು. "ಈಗ ಎಲ್ಲ ಸ್ಪಷ್ಟ ಆಯ್ತಲ್ಲ. ಪದ್ಯದಲ್ಲಿರೋದು ಕೊತ್ತಿ. ಕೊತ್ತಿ ಅಂದ್ರೆ ಕೊತ್ತಿನೇ. ಆ ಕಾಲೇಜು ಮೇಷ್ಟ್ರಿಗೆ ಪದ್ಯ ಅರ್ಥ ಆಗಿಲ್ಲ."

"ಹೌದು, ಹೌದು, ಬರೀ ಕೊತ್ತಿ" ಎಂದು ಆನಂದಪ್ಪ ಅಷ್ಟೇ ಸಂಶಯವಿಲ್ಲದೆ ಹೇಳಿದ.

ಹೀಗಾಗಿ ಬಿಳಿಹಕ್ಕಲು ಶಾಲೆಯ ನಡಾವಳಿ ಪುಸ್ತಕದಲ್ಲಿ, ಪದ್ಯದ ಕೊತ್ತಿಯು ಕೊತ್ತಿಯೇ ಎಂದೂ, ದುರ್ಗಮ್ಮನು ಕೆಲಸದಲ್ಲಿ ಮುಂದುವರಿಯತಕ್ಕದ್ದೆಂದೂ ಸರ್ವಾನುಮತದ ನಿರ್ಣಯ ದಾಖಲಾಯಿತು. ಮೊದಲಿನ ಪುಟವನ್ನು ಹರಿಯಬೇಕೆಂದು ಅಧ್ಯಕ್ಷರು ಸೂಚಿಸಿದರು. ಪುಟಗಳಿಗೆ ಸಂಖ್ಯೆ ಹಾಕಿದೆಯಾದ್ದರಿಂದ ಹರಿಯಲು ಬರುವುದಿಲ್ಲವೆಂದು ಟೀಚರು ವಿಷಾದದಿಂದ ತಿಳಿಸಿದರು. ಕ್ಯಾರಿಯರಿನ ಕೆಳಗಿನ ಡಬ್ಬಿ ಇಂದಿಗೂ ಆ ಪುಟದಲ್ಲಿ ಮುತ್ತಿನಂಥ ಅಕ್ಷರದಲ್ಲಿದೆ.

ಮರುದಿನದಿಂದ ಮಕ್ಕಳ ತಾಯಂದಿರು ಸರದಿಯಂತೆ ಬಂದು ರುಚಿ ನೋಡತೊಡಗಿದರು. ಒಂದು ಚಮಚದಿಂದ ಕೆಲಸ ಮುಗಿಯಿತು. ಅಧ್ಯಕ್ಷರು ಹನ್ನೆರಡು ದಿನ ಶಾಲೆಯ ಕಡೆ ಸುಳಿಯಲಿಲ್ಲ. ಹದಿಮೂರನೆಯ ದಿನ, ಮಕ್ಕಳಿಗೆಲ್ಲ ಬಡಿಸಿ ಆದಮೇಲೆ, ಗೇಟಿನ ಬಳಿ ಅವರು ಕಾಣಿಸಿದರು. ಕೈಯಲ್ಲಿ ಕ್ಯಾರಿಯರ್ ಇರಲಿಲ್ಲ. ಅವರು ಗೇಟು ದಾಟಿದ ನಡಿಗೆಯನ್ನು ದುರ್ಗಮ್ಮ ನೋಡಿದಳು. ಈ ಮನುಷ್ಯ ಬೆಳಿಗ್ಗೆ ಏನೂ ತಿಂದಿಲ್ಲ ಎಂದು ಅವಳಿಗೆ ತಿಳಿಯಿತು.

"ಬರ್ರಿ ಯಜಮಾನ್ರೇ, ಉಣ್ರಿ" ಎಂದು ಸಾಲಿನ ತುದಿಯಲ್ಲಿ, ಸ್ಪಂದನಳ ಪಕ್ಕದಲ್ಲಿ ಒಂದು ತಟ್ಟೆ ಇಟ್ಟಳು. ಅವರು ಸ್ವಲ್ಪ ಹೊತ್ತು ನಿಂತು, ಆಮೇಲೆ ಕುಳಿತರು. ಕೇಳದೆಯೇ ದುರ್ಗಮ್ಮ ಎರಡನೆಯ ಸಲವೂ ಬಡಿಸಿದಳು.

"ಉಪ್ಪು ಒಂಚೂರು ಕಮ್ಮಿ ಆಯ್ತೇನೋ" ಎಂದರು ಅವರು ತಟ್ಟೆ ನೋಡುತ್ತ.

"ಮೂರನೇ ಸಲ ಬಡಿಸ್ಲೇನ್ರಿ? ಆಗ ಗೊತ್ತಾಗ್ತತಿ."

ಸ್ಪಂದನ ಅನ್ನದ ತುತ್ತು ಬಾಯಲ್ಲಿಟ್ಟುಕೊಂಡೇ ಕಿಸಕ್ಕೆಂದಳು. ಪಂಚಾಕ್ಷರಪ್ಪನವರೂ ನಗಲೋ ಬೇಡವೋ ಎಂದು ನೋಡಿ, ಕೊನೆಗೆ ನಕ್ಕು ತಟ್ಟೆಯನ್ನು ಮುಂದಕ್ಕೆ ಸರಿಸಿದರು. ಅದೇ ಹೊತ್ತಿಗೆ ಅಡುಗೆಮನೆಯ ಒಳಗೆ ಏನೋ ಪಾತ್ರೆ ಉರುಳಿದ ಸದ್ದಾಯಿತು. ದುರ್ಗಮ್ಮ ಸೌಟು ಹಿಡಿದುಕೊಂಡು ಓಡಿದಳು.